ಗಂಟಿನ ಅಳತೆಯೊಂದೇ ಸಾಲದು

ಹಾಸನದಲ್ಲಿ ಪೆಥಾಲಜಿ ವೈದ್ಯೆ ನಾನು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಂಟುಗಳನ್ನು ಕೊಯ್ದು, ಸೂಕ್ಷ್ಮದರ್ಶಕದಲ್ಲಿ ನೋಡಿ ವರದಿ ಬರೆಯುವುದು ನನ್ನ ಕೆಲಸ. ವರದಿ ಪಡೆಯಲು ಬಂದವರ ಕಣ್ಣು ಮೊದಲು ಹೋಗುವುದು ಸೆಂಟಿಮೀಟರಿನ ಅಂಕಿಯ ಮೇಲೆ. "ಸ್ತನದ ಗಂಟು ಒಂದೂವರೆ ಸೆಂಟಿಮೀಟರ್ ಅಷ್ಟೇ ಅಲ್ಲವೇ ಮೇಡಂ, ನಮ್ಮ ಅತ್ತಿಗೆಗೆ ಇನ್ನು ಭಯವಿಲ್ಲ ತಾನೇ?" ಎಂದು ಅರಕಲಗೂಡಿನ ಒಬ್ಬರು ಕೇಳಿದ್ದರು. ಹೌದು ಎನ್ನಲು ಬಾಯಿ ಬರಲಿಲ್ಲ. ಕಂಕುಳಿನ ಮೂರು ದುಗ್ಧಗ್ರಂಥಿಗಳಲ್ಲಿ (ಲಿಂಫ್ ನೋಡ್) ಆಗಲೇ ಕ್ಯಾನ್ಸರ್ ಕೋಶಗಳಿದ್ದವು.

ಸಣ್ಣ ಗಂಟು ಹರಡಿರುವುದನ್ನೂ ದೊಡ್ಡದು ಇದ್ದಲ್ಲೇ ಉಳಿದಿರುವುದನ್ನೂ ಕಂಡಿದ್ದೇನೆ. ಬೆಳೆಯುವುದು ಬೇರೆ, ಜಾಗ ಬಿಟ್ಟು ಹೊರಡುವುದು ಬೇರೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ನೆರವಾಯಿತು. ಕ್ಯಾನ್ಸರ್ ಕೋಶಗಳು ಒತ್ತೊತ್ತಾಗಿ ಕಿಕ್ಕಿರಿದಾಗ ಇಂಟರ್‌ಲ್ಯೂಕಿನ್-6 ಮತ್ತು ಇಂಟರ್‌ಲ್ಯೂಕಿನ್-8 ಎಂಬ ಪ್ರೋಟೀನುಗಳನ್ನು ಹೊರಬಿಡುತ್ತವೆ. ನೆರೆಯ ಕೋಶಗಳು ಆ ಸಂದೇಶ ಹಿಡಿದು ಚಲಿಸತೊಡಗುತ್ತವೆ. ಎರಡೂ ಸಂದೇಶಗಳನ್ನು ಒಟ್ಟಿಗೆ ತಡೆದಾಗ ಇಲಿಗಳಲ್ಲಿ ಹರಡುವಿಕೆ ತಗ್ಗಿತು. ಅದಕ್ಕೆ ಬಳಸಿದ ಎರಡು ಔಷಧಿಗಳಲ್ಲಿ ಒಂದಾದ ಟೊಸಿಲಿಜುಮಾಬ್ ಕೀಲುವಾತಕ್ಕೆ ಈಗಾಗಲೇ ಕೊಡುವಂಥದ್ದು. ಇಲಿಗಳಲ್ಲಿ ಕಂಡದ್ದನ್ನು ನಂಬಿ ಯಾರೂ ಅದನ್ನು ಕ್ಯಾನ್ಸರಿಗೆಂದು ಕೇಳಿ ಹೋಗಬಾರದು. ಆದರೆ ಕೋಶಗಳ ಮಾತುಕತೆಯನ್ನೇ ಕಡಿದುಹಾಕುವ ದಾರಿಯೊಂದು ಕಾಣುತ್ತಿದೆಯಲ್ಲ, ಅದು ನನಗೆ ನಿಜವಾಗಿ ಸಂತೋಷ ಕೊಡುತ್ತದೆ.

ಹೊಸದಾಗಿ ಬಂದ ಕಿರಿಯರಿಗೆ ನಾನು ಮೊದಲು ಕೊಡುವುದು ಕಂಕುಳಿನ ಕೊಬ್ಬನ್ನು. ಫಾರ್ಮಲಿನ್‌ನಲ್ಲಿ ನೆನೆದ ಅದನ್ನು ತೆಳುವಾಗಿ ಹೆಚ್ಚಿ, ಬೆರಳ ತುದಿಯಲ್ಲಿ ಹಿಸುಕುತ್ತಾ ಹೋಗಬೇಕು. ಕಾಳುಮೆಣಸಿನಷ್ಟು ಗಟ್ಟಿಯಾದದ್ದು ಬೆರಳಿಗೆ ತಾಕುತ್ತದೆ, ಅದೇ ಗ್ರಂಥಿ. ಬೇಸರಪಟ್ಟು ಕೊಬ್ಬನ್ನು ಬದಿಗಿಟ್ಟರೆ ರೋಗದ ಹಂತವೇ ತಪ್ಪಾಗುತ್ತದೆ, ಚಿಕಿತ್ಸೆಯೂ ತಪ್ಪುತ್ತದೆ. ಹಾಗೆಯೇ ಗಂಟಿನ ಅಂಚಿನ ದುಗ್ಧನಾಳಗಳನ್ನೂ (ಲಿಂಫ್ ನಾಳ) ಬಿಡುವಂತಿಲ್ಲ. ಐದಾರು ಕೋಶಗಳು ಗುಂಪುಗೂಡಿ ನಾಳದೊಳಗೆ ಕುಳಿತಿರುತ್ತವೆ, ಅವಸರದ ಕಣ್ಣಿಗೆ ಸಿಗುವುದಿಲ್ಲ.

ಎಷ್ಟು ಗ್ರಂಥಿ ಸಿಕ್ಕವು, ಎಷ್ಟರಲ್ಲಿ ಕ್ಯಾನ್ಸರ್ ಇತ್ತು ಎಂಬುದನ್ನು ಈಗ ಅಳತೆಯ ಪಕ್ಕದಲ್ಲೇ ಬರೆಯುತ್ತೇನೆ. ಬೆಂಗಳೂರಿನ ಕಿದ್ವಾಯಿಗೋ ಮೈಸೂರಿಗೋ ಹೊರಡುವವರು ಮೊದಲ ಪುಟವನ್ನಷ್ಟೇ ಮಡಚಿ ಜೇಬಿಗಿಟ್ಟುಕೊಳ್ಳುವುದನ್ನು ನೋಡಿದ್ದೇನೆ. ಪೂರ್ತಿ ವರದಿ, ಸ್ಲೈಡುಗಳು, ಗಂಟಿನ ತುಣುಕುಗಳನ್ನು ಹುದುಗಿಸಿಟ್ಟ ಮೇಣದ ಬ್ಲಾಕುಗಳು ಮೂರನ್ನೂ ಕೇಳಿ ಪಡೆದುಕೊಳ್ಳಿ. ಅಲ್ಲಿನ ವೈದ್ಯರಿಗೆ ಮತ್ತೆ ಪರೀಕ್ಷಿಸಬೇಕೆನಿಸಿದರೆ ಅವು ಬೇಕಾಗುತ್ತವೆ.