"ಹಾಡೋರೇ ಬರ್ತಿಲ್ಲ ಮಾರಾಯ": ಒಂದು ದೂರು, ನಾಲ್ಕು ಹ್ಯಾಂಡ್ಸ್‌ಫ್ರೀ

"ಮ್ಯೂಸಿಕ್ ಎಲ್ಲ ಬರುತ್ತೆ, ಹಾಡೋರೇ ಬರ್ತಿಲ್ಲ ಮಾರಾಯ." ಜುಲೈ ಮಳೆಯಲ್ಲಿ ಕೊಡೆಯನ್ನು ಬಾಗಿಲಿಗೆ ಒರಗಿಸಿ ಕೌಂಟರಿಗೆ ಬಂದ ರೈಟರ್ ಹೇಳಿದ ಮೊದಲ ಮಾತು ಇದು. ಆಲ್ದೂರು ಕಡೆಯ ಕಾಫಿ ತೋಟದಲ್ಲಿ ಲೆಕ್ಕ ಬರೆಯುವವರು, ಚಿಕ್ಕಮಗಳೂರಿಗೆ ವಾರಕ್ಕೊಮ್ಮೆ ಬಂದಾಗ ನಮ್ಮ ಮೊಬೈಲ್ ಅಂಗಡಿಗೆ ಇಣುಕದೆ ಹೋಗುವವರಲ್ಲ. ನಾಲ್ಕು ದಿನ ಮುಂಚೆ 450 ರೂಪಾಯಿ ಕೊಟ್ಟು ವೈರಿನ ಹ್ಯಾಂಡ್ಸ್‌ಫ್ರೀ ಒಯ್ದಿದ್ದರು. ಬಿಲ್ಲಿನಲ್ಲಿ ನನ್ನದೇ ಅಕ್ಷರ.

ಅವರ ಫೋನಿನಲ್ಲೇ ಕಿವಿಗೆ ಹಾಕಿ ಕೇಳಿದೆ. ನಿಜ. ವಯಲಿನ್ ಇದೆ, ಕೋರಸ್ಸಿನ ಗುಂಯ್‌ಗುಟ್ಟುವಿಕೆ ಇದೆ, ಗಾಯಕ ಬಾವಿಯ ತಳದಲ್ಲಿ ನಿಂತ ಹಾಗೆ. ಡೋಲಿನ ಪೆಟ್ಟು ಹೆಚ್ಚುಕಡಿಮೆ ಮಾಯ. ಅವರ ಹಿಂದೆ ಸ್ಕ್ರೀನಿಗೆ ಟೆಂಪರ್ ಗ್ಲಾಸ್ ಹಾಕಿಸುವವರು ಐದು ಜನ. ಡಿಒಎ, ಅಂದರೆ ಬರುವಾಗಲೇ ಕೆಟ್ಟಿದ್ದ ಮಾಲು, ಎಂದು ಚೀಟಿ ಬರೆದು, ಹೊಸ ಪೀಸು ಕೊಟ್ಟು ಕಳಿಸಿದೆ. ಹೊಸದನ್ನು ಹಾಕಿ ನೋಡಲಿಲ್ಲ. ಡೆಮೋ ಪೀಸು ಇಡಬೇಡಿ, ಸೀಲ್ ಒಡೆದ ಬಾಕ್ಸನ್ನು ಗಿರಾಕಿ ಮುಟ್ಟುವುದಿಲ್ಲ ಎನ್ನುವುದು ಮಾಲೀಕರ ಕಾನೂನು. ಅದನ್ನೇ ನೆಪ ಮಾಡಿಕೊಂಡೆ ಅನ್ನಿ.

ಹೋಗುವಾಗ ರೈಟರ್ ಇನ್ನೊಂದು ಮಾತು ಸೇರಿಸಿದ್ದರು: "ಕಾಲ್ ಬಂದ್ರಂತೂ ಇದ್ರಲ್ಲಿ ಏನೇನೂ ಕೇಳಲ್ಲ ಕಣೋ." ಆಲ್ದೂರಿನ ಒಳಗೆ ನೆಟ್‌ವರ್ಕ್ ಹೇಗಿರುತ್ತದೆ ಅಂತ ಗೊತ್ತಿದ್ದವನಿಗೆ ಅದು ದೂರು ಅನ್ನಿಸಲೇ ಇಲ್ಲ. ರೋಗದ ಪೂರ್ತಿ ಗುಟ್ಟು ಆ ಒಂದು ಮಾತಿನಲ್ಲಿತ್ತು.

ಮುಂದಿನ ವಾರ ಮತ್ತೆ ಅವರೇ, ಮತ್ತೆ ಅದೇ ದೂರು. ಈಗ ಅವರೆದುರೇ ಮೂರನೇ ಬಾಕ್ಸ್ ಒಡೆದು ಅವರ ಫೋನಿಗೆ ಚುಚ್ಚಿದೆ. ಅದೇ ಬಾವಿ. ಆಗ ನನ್ನ ತಲೆಯಲ್ಲಿ ತೀರ್ಪು ಆಗಿಹೋಯಿತು: ಲಾಟೇ ಹಾಳು. ಕಾರ್ಟನ್ನಿನಲ್ಲಿ ಉಳಿದ 17 ಪೀಸನ್ನು ಕೆಳಗಿಟ್ಟು ಮಾಲೀಕರಿಗೆ ಹೇಳಿದೆ. ಅವರು ಸ್ಪೀಕರ್ ಆನ್ ಮಾಡಿಕೊಂಡು ಬೆಂಗಳೂರಿನ ಡಿಸ್ಟ್ರಿಬ್ಯೂಟರ್ ಜೊತೆ ಜಗಳ ಶುರು ಮಾಡಿದರು. ಆ ಕಡೆಯಿಂದ ಶಾಂತವಾಗಿ, "ಬೇರೆ ಮೊಬೈಲಲ್ಲಿ ಚೆಕ್ ಮಾಡಿದ್ರಾ ಸರ್?" ಅಂದರು. ಮಾಲೀಕರು ನನ್ನ ಕಡೆ ನೋಡಿದರು. ನಾನು ತಲೆ ಆಡಿಸಿದೆ, ಹೌದು ಅನ್ನುವ ಹಾಗೆ. ಮಾಡಿರಲಿಲ್ಲ.

ಕೈ ಬೆವರುತ್ತಿತ್ತು. ಬೇರೆ ಕಂಪನಿಯ 900 ರೂಪಾಯಿಯ ಪೀಸು ಒಡೆದು ಅದೇ ಫೋನಿಗೆ ಹಾಕಿದೆ. ಅದರಲ್ಲೂ ಗಾಯಕ ಇಲ್ಲ. ಆಗಲಾದರೂ ಒಂದು ನಿಮಿಷ ಯೋಚಿಸಬಹುದಿತ್ತು. ಯೋಚಿಸದೆ, "ಅಣ್ಣಾ, ನಿಮ್ಮ ಫೋನಿನ ಜಾಕ್ ಹೋಗಿದೆ. 600 ರೂಪಾಯಿ ಆಗುತ್ತೆ, ಎರಡು ದಿನ ಬಿಟ್ಟು ಹೋಗಿ" ಅಂದೆ. ರೈಟರ್ ಮುಖ ಸಣ್ಣದಾಯಿತು. ಆಳುಗಳ ಹಾಜರಿ, ಬಟವಾಡೆ ಲೆಕ್ಕ ಎಲ್ಲ ಅದೇ ಫೋನಿನಲ್ಲಿ.

ಸರ್ವಿಸ್ ಟೇಬಲ್ಲಿನ ಹುಡುಗ ಫೋನ್ ಬಿಚ್ಚಲೆಂದು ಬ್ಯಾಕ್ ಕವರ್ ತೆಗೆದ. ತೆಗೆದವನು ಸುಮ್ಮನೆ ಪಿನ್ ಒತ್ತಿದ. ಟಕ್ ಅಂತು. ಗಾಯಕ ಕೌಂಟರಿಗೆ ಬಂದು ನಿಂತ. ಬಿದ್ದರೂ ಒಡೆಯಲ್ಲ ಅಂತ ಆ ದಪ್ಪ ರಬ್ಬರ್ ಕವರನ್ನು ಹದಿನೈದು ದಿನದ ಕೆಳಗೆ ಅವರಿಗೆ ಮಾರಿದವನೂ ನಾನೇ.

ಆಗಿದ್ದು ಇಷ್ಟು. 3.5 ಮಿ.ಮೀ. ದಪ್ಪದ ಪಿನ್ನಿನ ಉದ್ದ ಸುಮಾರು 14 ಮಿ.ಮೀ. ಮೈಕ್ ಇರುವ ಪಿನ್ನಿನಲ್ಲಿ ನಾಲ್ಕು ಭಾಗ: ತುದಿ ಎಡಕಿವಿಗೆ, ಮೊದಲ ಉಂಗುರ ಬಲಕಿವಿಗೆ, ಎರಡನೇ ಉಂಗುರ ಗ್ರೌಂಡ್ (ಎರಡೂ ಕಿವಿಯ ಕರೆಂಟ್ ವಾಪಸಾಗುವ ದಾರಿ), ಬುಡ ಮೈಕಿಗೆ. ನಡುವೆ ಪ್ಲಾಸ್ಟಿಕ್ಕಿನ ತೆಳು ಪಟ್ಟಿ. ಕವರಿನ ತೂತು ಕಿರಿದಾಗಿ ಪಿನ್ನಿನ ಕತ್ತು ಅಲ್ಲೇ ಸಿಕ್ಕಿಕೊಂಡರೆ ಒಂದೂವರೆ ಮಿ.ಮೀ. ಹೊರಗೆ ನಿಲ್ಲುತ್ತದೆ. ಎಡ, ಬಲ ಹೇಗೋ ತಗುಲುತ್ತವೆ, ಗ್ರೌಂಡ್ ಮಾತ್ರ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಕೂರುತ್ತದೆ. ಗ್ರೌಂಡ್ ಬಿಟ್ಟಾಗ ಎರಡು ಡ್ರೈವರುಗಳು, ಅಂದರೆ ಎರಡು ಕಿವಿಯ ಪುಟ್ಟ ಸ್ಪೀಕರುಗಳು, ಒಂದರ ಹಿಂದೆ ಒಂದು ಜೋಡಿಕೊಂಡು, ಎಡಕ್ಕೂ ಬಲಕ್ಕೂ ಇರುವ ವ್ಯತ್ಯಾಸವನ್ನಷ್ಟೇ ನುಡಿಸುತ್ತವೆ. ಹಾಡುವವರ ದನಿ, ಡೋಲು, ಬೇಸ್ ಗಿಟಾರ್ ಇವನ್ನೆಲ್ಲ ರೆಕಾರ್ಡಿಂಗಿನಲ್ಲಿ ಸಾಮಾನ್ಯವಾಗಿ ನಡುವಿಗೆ, ಅಂದರೆ ಎರಡೂ ಕಡೆ ಸಮನಾಗಿ ಇಟ್ಟಿರುತ್ತಾರೆ. ಸಮ ಇದ್ದದ್ದು ಕಳೆದುಹೋಗುತ್ತದೆ, ಪಕ್ಕಕ್ಕೆ ಇಟ್ಟ ವಾದ್ಯವೂ ಪ್ರತಿಧ್ವನಿಯೂ ಉಳಿಯುತ್ತವೆ. ಕಾಲ್ ಧ್ವನಿ ಮೋನೋ, ಎರಡೂ ಕಡೆ ಒಂದೇ, ಹಾಗಾಗಿ ಪೂರ್ತಿ ಸೊನ್ನೆ. ರೈಟರ್ ಹೇಳಿದ್ದು ಅಕ್ಷರಶಃ ಅದನ್ನೇ.

ಅದಕ್ಕೇ ಈಗ "ದನಿ ಬರಲ್ಲ" ಅಂತ ಬಂದವರಿಗೆ ಮೊದಲು ಮೋನೋದಲ್ಲಿ ರೆಕಾರ್ಡ್ ಆದ ಹಳೇ ಹಾಡು ಹಾಕುತ್ತೇನೆ. ಅದು ಹೆಚ್ಚುಕಡಿಮೆ ನಿಶ್ಶಬ್ದವಾದರೆ ಗ್ರೌಂಡೇ ಕಾರಣ. ಕವರ್ ತೆಗೆದು ಮತ್ತೆ ಚುಚ್ಚಬೇಕು. ಆಗಲೂ ಟಕ್ ಅನ್ನದಿದ್ದರೆ ಫೋನ್ ಆಫ್ ಮಾಡಿ, ಟಾರ್ಚ್ ಬಿಟ್ಟು ತೂತಿನ ತಳ ನೋಡಬೇಕು. ಜೇಬಿನ ನೂಲಿನ ಧೂಳು ಅಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆರೆದರೆ ಬರುತ್ತದೆ, ಸೂಜಿ ಹಾಕಿದರೆ ಒಳಗಿನ ಸ್ಪ್ರಿಂಗ್ ಬಾಗುತ್ತದೆ. ಇನ್ನು ಮೈಕಿನ ಬಟನ್ ಒತ್ತಿ ಹಿಡಿದಾಗ ಮಾತ್ರ ದನಿ ಸರಿಹೋದರೆ, ಹ್ಯಾಂಡ್ಸ್‌ಫ್ರೀಯಲ್ಲಿ ಮೈಕ್ ಮತ್ತು ಗ್ರೌಂಡ್ ಹಳೇ ಪದ್ಧತಿಯಲ್ಲಿ ಅದಲುಬದಲಾಗಿರಬಹುದು. ಇಷ್ಟೆಲ್ಲ ಆದ ಮೇಲೆ ಅದೇ ಹ್ಯಾಂಡ್ಸ್‌ಫ್ರೀಯನ್ನು ಬೇರೆ ಫೋನಿಗೆ, ಬೇರೆ ಹ್ಯಾಂಡ್ಸ್‌ಫ್ರೀಯನ್ನು ಅದೇ ಫೋನಿಗೆ. ಡಿಒಎ ಚೀಟಿ ಆಮೇಲೆ.

"ಬೇಸ್ ಇಲ್ಲ" ಅನ್ನುವ ದೂರು ಬೇರೆ ಜಾತಿಯದು. ಅಲ್ಲಿ ತಪ್ಪು ಹೆಚ್ಚಾಗಿ ಕಿವಿಯೊಳಗೆ ಕೂರುವ ರಬ್ಬರ್ ತುದಿಯದು. ಬಾಕ್ಸಿನಲ್ಲಿ ಚಿಕ್ಕದು, ಮಧ್ಯಮ, ದೊಡ್ಡದು ಅಂತ ಮೂರು ಜೊತೆ ಕೊಡುತ್ತಾರೆ. ಮಧ್ಯಮದ್ದು ಹಾಕಿಯೇ ಬಂದಿರುತ್ತದೆ, ಉಳಿದವು ಬಾಕ್ಸಿನ ಜೊತೆ ಕಸದ ಬುಟ್ಟಿಗೆ ಹೋಗುತ್ತವೆ. ಕಿವಿಗೂ ರಬ್ಬರಿಗೂ ಸಂದಿ ಉಳಿದರೆ ಮೊದಲು ಸೋರುವುದು ಕೆಳದನಿ. 5,000 ರೂಪಾಯಿಯ ಇಯರ್‌ಫೋನ್ ಕೂಡ ಆಗ ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದ ಹಾಗೆ ಕೇಳುತ್ತದೆ. ಪರೀಕ್ಷೆ ಸುಲಭ: ಡೋಲು ಇರುವ ಹಾಡು ಹಾಕಿ, ಇಯರ್‌ಫೋನನ್ನು ಬೆರಳಿನಿಂದ ಹಗುರ ಒತ್ತಿ. ಒತ್ತಿದಾಗ ಬೇಸ್ ಏರಿದರೆ ಒಂದು ಅಳತೆ ದೊಡ್ಡ ರಬ್ಬರ್ ಬೇಕು. ಬಾಯಿ ಅಗಲಿಸಿ ಅಗಿಯುವ ಹಾಗೆ ಮಾಡಿ. ಜಾರಿ ಬಂದರೆ ಅಳತೆ ತಪ್ಪಿದೆ, ಹತ್ತು ನಿಮಿಷದಲ್ಲಿ ಕಿವಿ ನೋಯತೊಡಗಿದರೆ ದೊಡ್ಡದಾಗಿದೆ. ಎಡಕ್ಕೆ ಮಧ್ಯಮ, ಬಲಕ್ಕೆ ಚಿಕ್ಕದು ಬೇಕಾಗುವವರೂ ಇದ್ದಾರೆ, ಎರಡು ಕಿವಿ ಒಂದೇ ಅಳತೆ ಇರಬೇಕೆಂದಿಲ್ಲ. ಹಾಕುವ ರೀತಿಯೂ ಇದೆ. ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆ, ಸ್ವಲ್ಪ ಹಿಂದಕ್ಕೆ ಎಳೆದರೆ ಒಳದಾರಿ ನೇರವಾಗುತ್ತದೆ, ಆಗ ತಿರುಗಿಸುತ್ತಾ ಕೂರಿಸಬೇಕು. ಫೋಮಿನ ತುದಿಯಾದರೆ ಬೆರಳಲ್ಲಿ ಹಿಚುಕಿ ಒಳಗಿಟ್ಟು, ಅದು ಉಬ್ಬುವವರೆಗೆ ಅರ್ಧ ನಿಮಿಷ ಹಿಡಿದಿರಬೇಕು. ಫೋಮ್ ಚೆನ್ನಾಗಿ ಮುಚ್ಚುತ್ತದೆ, ಆದರೆ ಬೆವರು ಕುಡಿದು ಕೆಲವೇ ತಿಂಗಳಲ್ಲಿ ಸವೆಯುತ್ತದೆ.

ಒಳಗೆ ತೂರುವುದೇ ಆಗದವರಿಗೆ ರಬ್ಬರ್ ಇಲ್ಲದ ಮಾದರಿ ಇದೆ. ಬೇಸ್ ಕಡಿಮೆ, ಆದರೆ ಹಿಂದಿನಿಂದ ಜೀಪು ಬಂದರೆ ಕೇಳಿಸುತ್ತದೆ. ತೋಟದ ದಾರಿಯಲ್ಲಿ ನಡೆಯುವವರಿಗೆ ನಾನು ಇದನ್ನೇ ಕೊಡುವುದು.

ವೈರಿನದು ಸಾಯುವ ಜಾಗ ಸಾಮಾನ್ಯವಾಗಿ ಮೂರೇ: ಪಿನ್ನಿನ ಕತ್ತು, ವೈರ್ ಎರಡಾಗುವ ಕವಲು, ಮೈಕ್ ಡಬ್ಬಿಯ ಅಂಚು. ಕೊಳ್ಳುವಾಗ ಆ ಮೂರನ್ನು ಬಗ್ಗಿಸಿ ನೋಡಿ. ಮೆತ್ತಗೆ ಬಾಗುವ ರಬ್ಬರ್ ಕೊರಳು ಇರಬೇಕು, ಗಟ್ಟಿ ಪ್ಲಾಸ್ಟಿಕ್ಕಿನಿಂದ ವೈರ್ ನೇರ ಹೊರಬಂದಿದ್ದರೆ ಬೇಡ. ಜೇಬಿನಲ್ಲಿ ಫೋನ್ ಇಡುವವರಿಗೆ ಎಲ್ ಆಕಾರದ ಪಿನ್ ಹೆಚ್ಚು ಬಾಳುತ್ತದೆ. ಫೋನಿನ ಸುತ್ತ ಬಿಗಿಯಾಗಿ ಸುತ್ತಿಟ್ಟರೆ ಕತ್ತಿನ ಎಳೆ ತುಂಡಾಗುವುದು ಖಂಡಿತ, ಅಂಗೈಯಗಲದ ಸಡಿಲ ಸುರುಳಿ ಸಾಕು. ವೈರನ್ನು ಕಿವಿಯ ಮೇಲಿಂದ ಹಾಯಿಸಿದರೆ ಶರ್ಟಿಗೆ ಉಜ್ಜುವ ಕರಕರ ಕಡಿಮೆ. ದುಬಾರಿ ಮಾದರಿಗಳಲ್ಲಿ ವೈರನ್ನೇ ಕಳಚಬಹುದು, ಹೋದರೆ ವೈರ್ ಮಾತ್ರ ಬದಲಿಸಿದರಾಯಿತು.

ಪಿನ್ನಿನ ಹತ್ತಿರ ತುಂಡಾಗಿದ್ದರೆ ರಿಪೇರಿ ಮಾಡಬಹುದು. ಮೂರು ಸೆಂ.ಮೀ. ಹಿಂದಕ್ಕೆ ಕತ್ತರಿಸಿ ಹೊಸ ಪಿನ್ ಬೆಸೆಯಬೇಕು. ಒಳಗಿನ ಎಳೆಗೆ ಬಣ್ಣದ ವಾರ್ನಿಷ್ ಇರುತ್ತದೆ. ಅದನ್ನು ಸೋಲ್ಡರಿಂಗ್ ಬಿಸಿಯಲ್ಲಿ ಸುಟ್ಟು ತವರ ಹಿಡಿಸದಿದ್ದರೆ ಬೆಸುಗೆ ಕೂತಂತೆ ಕಂಡರೂ ಕರೆಂಟ್ ಹರಿಯುವುದಿಲ್ಲ. ಹೊಸ ಹುಡುಗರು ಇಲ್ಲೇ ಎಡವುತ್ತಾರೆ. ಕೆಂಪು ಬಲಕ್ಕೆ, ಹಸಿರು ಅಥವಾ ನೀಲಿ ಎಡಕ್ಕೆ, ತಾಮ್ರದ ಬಣ್ಣ ಗ್ರೌಂಡಿಗೆ ಅನ್ನುವುದು ವಾಡಿಕೆ, ಆದರೂ ಮೀಟರ್ ಇಟ್ಟೇ ನಂಬಿ: ಗ್ರೌಂಡಿಗೂ ಎಡಕ್ಕೂ, ಗ್ರೌಂಡಿಗೂ ಬಲಕ್ಕೂ 16 ಅಥವಾ 32 ಓಮ್ ಆಸುಪಾಸು ಬರಬೇಕು, ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ವೈರ್ ಅಲ್ಲಾಡಿಸಿದಾಗ ಅಂಕಿ ಕುಣಿದರೆ ತುಂಡು ಇನ್ನೂ ಒಳಗೇ ಇದೆ.

ಬಾಕ್ಸಿನ ಮೇಲಿನ ಅಂಕಿಗಳಲ್ಲಿ ಹೆಚ್ಚಿನವಕ್ಕೆ ಬೆಲೆ ಕೊಡಬೇಡಿ. 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್ ಅಂತ 150 ರೂಪಾಯಿಯ ಲೋಕಲ್ ಮಾಲಿನ ಮೇಲೂ ಅಚ್ಚಾಗಿರುತ್ತದೆ. ಡ್ರೈವರ್ 10 ಮಿ.ಮೀ. ಬದಲು 13 ಮಿ.ಮೀ. ಆದ ಮಾತ್ರಕ್ಕೆ ದನಿ ಚೆನ್ನಾಗುವುದಿಲ್ಲ. ಜನ ಮೋಸ ಹೋಗುವುದು ಇಎನ್‌ಸಿ ಅನ್ನುವ ಮೂರಕ್ಷರಕ್ಕೆ. ಅದು ಮೈಕಿಗೆ ಸಂಬಂಧಿಸಿದ್ದು, ಆ ಕಡೆಯವರಿಗೆ ನಿಮ್ಮ ಸುತ್ತಲ ಗದ್ದಲ ಕಡಿಮೆ ಕೇಳಿಸಲಿ ಅಂತ. ನಿಮ್ಮ ಕಿವಿಗೆ ಬಸ್ಸಿನ ಸದ್ದು ಇಳಿಯಬೇಕಾದರೆ ಎಎನ್‌ಸಿ ಬೇಕು. ಅದೂ ಇಂಜಿನ್ನಿನ ಒಂದೇ ಸಮನೆ ಗುರ್ರ್ ಅನ್ನುವುದನ್ನು ತಗ್ಗಿಸುತ್ತದೆ, ಹಿಂದಿನ ಸೀಟಿನವರ ಹರಟೆಯನ್ನು ಅಷ್ಟಾಗಿ ತಗ್ಗಿಸುವುದಿಲ್ಲ. ಮೂಡಿಗೆರೆ ಬಸ್ಸಿನಲ್ಲಿ ದಿನಾ ಓಡಾಡುವ ಹುಡುಗಿಯೊಬ್ಬಳು ಇಎನ್‌ಸಿ ಬಡ್ಸ್ (ವೈರಿಲ್ಲದ ಇಯರ್‌ಫೋನ್) ವಾಪಸ್ ತಂದು ಕೇಳಿದ್ದು ನ್ಯಾಯವೇ, ಆದರೆ ಕಂಪನಿ ಪ್ರಕಾರ ಅದು ದೋಷ ಅಲ್ಲ.

ನಮಗೆ ತಿಂಗಳ ಟಾರ್ಗೆಟ್ ಇರುವುದು ಬಡ್ಸಿನ ಮೇಲೆ, ಮಾರ್ಜಿನ್ ಅದರಲ್ಲೇ. ಅದಕ್ಕೆ ಯಾರೂ ಹೇಳದ ಮಾತು: ಒಂದೊಂದು ಬಡ್ಸ್ ಒಳಗಿರುವುದು ಕಡಲೆಕಾಳಿನಷ್ಟು ಬ್ಯಾಟರಿ. ದಿನಾ ಬಳಸಿದರೆ ಎರಡು ಮೂರು ವರ್ಷದಲ್ಲಿ ಕುಗ್ಗುತ್ತದೆ, ಹೆಚ್ಚಿನವುಗಳಲ್ಲಿ ಬದಲಿಸಲು ದಾರಿಯಿಲ್ಲ. ವೈರ್‌ಲೆಸ್ಸಿಗೆ ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೋದ, ನೋಂದಣಿ ಕಡ್ಡಾಯ. ಬಾಕ್ಸಿನ ಮೇಲೆ ಆರ್ ಅಕ್ಷರದಿಂದ ಶುರುವಾಗುವ ನಂಬರನ್ನು ಬಿಐಎಸ್ ಕೇರ್ ಆ್ಯಪಿಗೆ ಹಾಕಿ ಕೌಂಟರಿನಲ್ಲೇ ನೋಡಿ, ಯಾರೂ ಬೇಸರ ಮಾಡಿಕೊಳ್ಳುವಂತಿಲ್ಲ.

ನಮ್ಮೂರಿನ ಮಳೆಗಾಲಕ್ಕೆ ನೀರು ತಡೆಯುವ ರೇಟಿಂಗ್ ಐಪಿಎಕ್ಸ್4 ಕನಿಷ್ಠ. ಅಂದರೆ ಯಾವ ಕಡೆಯಿಂದ ಹನಿ ಸಿಡಿದರೂ ತಡೆಯುತ್ತದೆ. ಐಪಿಎಕ್ಸ್7 ಆದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ. ಎಕ್ಸ್ ಅಂದರೆ ಧೂಳಿನ ರೇಟಿಂಗ್ ಕೊಟ್ಟಿಲ್ಲ ಅಂತ. ಈ ಅಂಕಿ ಹೆಚ್ಚಾಗಿ ಬಡ್ಸಿಗೆ ಮಾತ್ರ, ಕೇಸಿಗೆ ಇರುವುದಿಲ್ಲ. ಒದ್ದೆ ಬಡ್ಸನ್ನು ಹಾಗೇ ಕೇಸಿಗೆ ಹಾಕಿ ಮುಚ್ಚುವುದರಿಂದಲೇ ಚಾರ್ಜಿಂಗ್ ಪಿನ್ನಿಗೆ ಹಸಿರು ಹಿಡಿಯುವುದು. ಬಟ್ಟೆಯಲ್ಲಿ ಒರೆಸಿ, ಅರ್ಧ ಗಂಟೆ ಹೊರಗಿಟ್ಟು ಹಾಕಿ. ಒಲೆಯ ಹತ್ತಿರ ಬೇಡ. ಒಂದು ಕಡೆ ಸಣ್ಣಗೆ ಕೇಳಿದರೆ ಜಾಲರಿಗೆ ಕಿವಿಯ ಗುಗ್ಗೆ ತುಂಬಿದೆಯೇ ನೋಡಿ. ರಬ್ಬರ್ ತೆಗೆದು, ಜಾಲರಿ ಕೆಳಮುಖವಾಗಿ ಹಿಡಿದು ಒಣ ಬ್ರಷ್ಷಿನಿಂದ ಉಜ್ಜಿ. ಪಿನ್ನು ಚುಚ್ಚಿದರೆ ಜಾಲರಿ ಹರಿದು ಗುಗ್ಗೆ ಡ್ರೈವರಿಗೇ ಇಳಿಯುತ್ತದೆ. ರಬ್ಬರನ್ನು ಸೋಪಿನ ನೀರಲ್ಲಿ ತೊಳೆಯಬಹುದು, ಪೂರ್ತಿ ಒಣಗಿದ ಮೇಲೆ ಹಾಕಿ.

ಜಾಕ್ ಇಲ್ಲದ ಫೋನಿಗೆ ಟೈಪ್-ಸಿ ಕನೆಕ್ಟರ್ ಕೇಳುವವರಿಗೆ ಒಂದೇ ಮಾತು. ಒಳಗೆ ಡ್ಯಾಕ್ ಚಿಪ್, ಅಂದರೆ ಫೋನಿನ ಡಿಜಿಟಲ್ ಸಂಕೇತವನ್ನು ಇಯರ್‌ಫೋನ್ ನುಡಿಸುವ ಹಾಗೆ ಬದಲಿಸುವ ಚಿಪ್, ಇರುವುದನ್ನೇ ಕೇಳಿ. ಚಿಪ್ ಇಲ್ಲದ ಅಗ್ಗದ ಕನೆಕ್ಟರ್ ಕೆಲವೇ ಫೋನುಗಳಲ್ಲಿ ನುಡಿಯುತ್ತದೆ.

ಕಳೆ ಹೊಡೆಯುವ ಮಷಿನ್ ಹಿಡಿಯುವವರು "ಜೋರು ಕೇಳುವಂಥದ್ದು ಕೊಡಿ" ಅಂತ ಬರುತ್ತಾರೆ. ಕೊಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರಿಗೆ 80 ಡೆಸಿಬೆಲ್ ವಾರಕ್ಕೆ 40 ಗಂಟೆ ಮಿತಿ, ಪ್ರತಿ 3 ಡೆಸಿಬೆಲ್ ಏರಿದರೆ ಹೊತ್ತು ಅರ್ಧ. ಮಷಿನ್ನಿನ ಸದ್ದಿನ ಮೇಲೆ ಹಾಡು ಏರಿಸಿದರೆ ಆ ಮಿತಿ ಎಲ್ಲಿ ದಾಟಿತೆಂದು ಗೊತ್ತೇ ಆಗುವುದಿಲ್ಲ. ಅವರಿಗೆ ಬೇಕಾದದ್ದು ಕಿವಿ ಮುಚ್ಚುವ ಮಫ್, ಅದು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಮಾಲೀಕರು ಈ ಪ್ಯಾರಾ ಓದದಿರಲಿ.

ಆ ದಿನ ರೈಟರಿಗೆ ಕವರಿನ ತೂತನ್ನು ಕಟರ್‌ನಿಂದ ಎರಡು ಮಿ.ಮೀ. ಅಗಲ ಮಾಡಿ ಕೊಟ್ಟೆ, ದುಡ್ಡು ತಗೊಳ್ಳಲಿಲ್ಲ. "600 ಉಳೀತಲ್ಲ" ಅಂತ ನಕ್ಕರು, ನನಗೆ ನಗಲಾಗಲಿಲ್ಲ. ಡಿಸ್ಟ್ರಿಬ್ಯೂಟರ್‌ಗೆ ಕಳಿಸಿದ ಮೊದಲ ಪೀಸು ದೋಷ ಇಲ್ಲ ಅನ್ನುವ ಚೀಟಿ ಅಂಟಿಸಿಕೊಂಡು ವಾಪಸ್ ಬಂತು, ಕೊರಿಯರ್ ಖರ್ಚು ನಮ್ಮ ಮೇಲೆ. ಸೀಲ್ ಒಡೆದ ಪೀಸುಗಳನ್ನು ಮಾರುವ ಹಾಗಿಲ್ಲವಲ್ಲ, ಈಗ ಅವೇ ಕೌಂಟರಿನ ಡೆಮೋ. ಪಕ್ಕದಲ್ಲಿ ಒಂದು ಡಬ್ಬಿ ಹಲ್ಲುಕಡ್ಡಿ.