90 ದಿನದ ಲೆಕ್ಕ: ಮೈಸೂರು, ಮಂಡ್ಯದಿಂದ ಜರ್ಮನಿಗೆ ಬೇಸಿಗೆ ಇಂಟರ್ನ್‌ಶಿಪ್‌ಗೆ ಹೊರಡುವವರಿಗೆ

ಜೂನ್ 1ರಿಂದ ಆಗಸ್ಟ್ 31ರವರೆಗೆ ಎಷ್ಟು ದಿನ? ಮೂರು ತಿಂಗಳು, ಅಂದರೆ 90 ದಿನ ಎಂದುಕೊಂಡು ಆಹ್ವಾನ ಪತ್ರ ಬರೆಸಿಕೊಳ್ಳುವವರು ಬಹಳ ಮಂದಿ. ಎಣಿಸಿದರೆ 92 ಆಗುತ್ತದೆ. ಜರ್ಮನಿಯೂ ಸೇರಿ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಿಗುವ ಷೆಂಗೆನ್ ವೀಸಾದಲ್ಲಿ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಇಳಿದ ದಿನವೂ ಲೆಕ್ಕಕ್ಕೆ ಬರುತ್ತದೆ, ಹೊರಟ ದಿನವೂ ಬರುತ್ತದೆ. ಜೂನ್ 1ಕ್ಕೆ ಇಳಿದವರಿಗೆ 90ನೇ ದಿನ ಆಗಸ್ಟ್ 29. ಮೇ 15ಕ್ಕೆ ಇಳಿದವರಿಗೆ ಆಗಸ್ಟ್ 12. ಪತ್ರದಲ್ಲಿ ಒಂದೇ ದಿನ ಹೆಚ್ಚಿದ್ದರೂ ಬೇಕಾಗುವುದು ಬೇರೆ ವೀಸಾ, ಅಂದರೆ ಜರ್ಮನಿಯ ರಾಷ್ಟ್ರೀಯ ವೀಸಾ. ಅದಕ್ಕೆ ಕಾಯುವ ಅವಧಿಯೂ ಬೇರೆ. 2025ರ ಅಕ್ಟೋಬರ್ 12ರಿಂದ ಷೆಂಗೆನ್ ಗಡಿಗಳಲ್ಲಿ ಮುದ್ರೆಯ ಬದಲು ಬೆರಳಚ್ಚು, ಫೋಟೊ ತೆಗೆದುಕೊಳ್ಳುವ ವ್ಯವಸ್ಥೆ ಶುರುವಾಗಿದೆ. ಈಗ ದಿನ ಎಣಿಸುವುದು ಕಂಪ್ಯೂಟರ್, ಹಾಗಾಗಿ ಒಂದು ದಿನದ ತಪ್ಪೂ ಕಣ್ತಪ್ಪಿ ಹೋಗುವುದಿಲ್ಲ. ಮೊದಲು ಕ್ಯಾಲೆಂಡರ್ ಬಿಚ್ಚಿ ದಿನ ಎಣಿಸಿ, ಆಮೇಲೆ ನಿಮ್ಮನ್ನು ಕರೆಸಿಕೊಳ್ಳುವ ಅಲ್ಲಿನ ಪ್ರೊಫೆಸರ್‌ಗೆ ದಿನಾಂಕ ಹೇಳಿ.

ಆ ದಿನಾಂಕಕ್ಕೆ ಎರಡು ಕಡೆಯಿಂದ ಎಳೆದಾಟ ಇರುತ್ತದೆ. ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಬೇಸಿಗೆ ಸೆಮಿಸ್ಟರ್‌ನ ಪಾಠಗಳು ಏಪ್ರಿಲ್ ಮಧ್ಯದಿಂದ ಜುಲೈವರೆಗೆ ನಡೆಯುತ್ತವೆ. ಆಗಸ್ಟ್ ಬಂದರೆ ಪ್ರೊಫೆಸರ್‌ಗಳೂ ಪಿಎಚ್‌ಡಿ ವಿದ್ಯಾರ್ಥಿಗಳೂ ರಜೆ ಹಾಕಿ ಹೊರಡುತ್ತಾರೆ. ನಮ್ಮ ವಿಟಿಯು ಸಮ ಸೆಮಿಸ್ಟರ್‌ನ ಪರೀಕ್ಷೆ ಹಲವು ಸಲ ಜೂನ್, ಜುಲೈಗೆ ಬೀಳುತ್ತದೆ. ಸ್ವಾಯತ್ತ ಕಾಲೇಜುಗಳಲ್ಲಿ ಓದುವವರಿಗೆ ಸ್ವಲ್ಪ ಮುಂಚೆ ಮುಗಿಯುವ ಸಾಧ್ಯತೆ ಉಂಟು. ಪರೀಕ್ಷೆ ಮುಗಿಸಿ ಜುಲೈ ಮಧ್ಯದಲ್ಲಿ ಹೋಗಿ ಕುಳಿತರೆ ಕೇಳಿದ್ದಕ್ಕೆ ಉತ್ತರ ಹೇಳುವವರೇ ಲ್ಯಾಬಿನಲ್ಲಿ ಇರುವುದಿಲ್ಲ. ಆದ್ದರಿಂದ ವಿಭಾಗದ ಮುಖ್ಯಸ್ಥರ ಬಳಿ ಡಿಸೆಂಬರ್‌ನಲ್ಲೇ ಮಾತಾಡಿ, ಹಾಜರಾತಿ ಮತ್ತು ಇಂಟರ್ನಲ್ಸ್ ಏನಾಗುತ್ತದೆ ಎಂದು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಬಾಯಿಮಾತಿನ ಒಪ್ಪಿಗೆ ಮೇ ತಿಂಗಳಿನವರೆಗೆ ಉಳಿಯುತ್ತದೆ ಎಂದು ನಂಬಬೇಡಿ.

ಜಾಗ ಹುಡುಕುವ ಕೆಲಸ ಹಿಂದಿನ ವರ್ಷದ ಸೆಪ್ಟೆಂಬರ್‌ನಲ್ಲೇ ಶುರುವಾಗಬೇಕು. ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆಯಾದ ಡಾಡ್‌ನ (DAAD) ‘ವೈಸ್’ ಯೋಜನೆ ಭಾರತದ ವಿಜ್ಞಾನ, ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆಂದೇ ಇದೆ. ಆದರೆ ಯಾವ ಕಾಲೇಜಿನವರು ಅರ್ಜಿ ಹಾಕಬಹುದು ಎಂಬುದಕ್ಕೆ ಮಿತಿ ಇದೆ, ಅದನ್ನು ಮೊದಲು ನೋಡಿಕೊಳ್ಳಿ. ಅದೇ ಸಂಸ್ಥೆಯ ‘ರೈಸ್ ಜರ್ಮನಿ’ ಹೆಸರು ಕೇಳಿ ಅರ್ಜಿ ಹಾಕಲು ಹೋಗುವವರಿದ್ದಾರೆ; ಅದು ಉತ್ತರ ಅಮೆರಿಕ, ಬ್ರಿಟನ್, ಐರ್ಲೆಂಡ್‌ನಲ್ಲಿ ಓದುವವರಿಗೆ, ಇಲ್ಲಿ ಓದುವವರಿಗಲ್ಲ. ಯಾವ ಯೋಜನೆಗೂ ಸೇರದವರಿಗೆ ಉಳಿದ ದಾರಿ ನೇರವಾಗಿ ಇ-ಮೇಲ್ ಬರೆಯುವುದು. ಹತ್ತು ಹನ್ನೆರಡು ಸಾಲು ಸಾಕು: ಅವರ ಯಾವ ಪ್ರಬಂಧ ಓದಿದ್ದೀರಿ, ನಿಮ್ಮ ಕೈಯಲ್ಲಿ ಏನು ಮಾಡಲು ಬರುತ್ತದೆ, ಯಾವ ದಿನದಿಂದ ಯಾವ ದಿನದವರೆಗೆ, ಖರ್ಚು ಯಾರದು. ಒಂದು ಪುಟದ ಬಯೋಡೇಟಾ, ಅಂಕಪಟ್ಟಿ ಎರಡನ್ನೂ ಪಿಡಿಎಫ್ ಮಾಡಿ ಲಗತ್ತಿಸಿ. ಹತ್ತು ದಿನದ ಮೇಲೆ ಒಂದೇ ಒಂದು ನೆನಪೋಲೆ ಹಾಕಬಹುದು. ಒಂದೇ ವಿಭಾಗದ ಎಂಟು ಜನರಿಗೆ ಒಂದೇ ಪತ್ರ ಕಳಿಸಬೇಡಿ. ಅವರೆಲ್ಲ ಮಧ್ಯಾಹ್ನ ಒಂದೇ ಮೇಜಿನಲ್ಲಿ ಊಟ ಮಾಡುವವರು.

ಪಾಸ್‌ಪೋರ್ಟ್‌ಗೆ ಬೆಂಗಳೂರಿಗೆ ಓಡಬೇಕಿಲ್ಲ. ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ತೆರೆಯುವ ಯೋಜನೆ 2017ರ ಜನವರಿಯಲ್ಲಿ ದೇಶದಲ್ಲೇ ಮೊದಲು ಶುರುವಾದ ಊರುಗಳಲ್ಲಿ ಮೈಸೂರೂ ಒಂದು. ತೊಡಕು ಬರುವುದು ಹೆಸರಿನಲ್ಲಿ. ನಮ್ಮ ಕಡೆ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೋ ಮುಂದೋ ಎರಡು ಇನಿಷಿಯಲ್ ಇರುತ್ತವೆ: ಒಂದು ಊರಿನದು, ಒಂದು ಅಪ್ಪನದು. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಸರ್‌ನೇಮ್ ಜಾಗ ಖಾಲಿ ಬಿಟ್ಟರೆ ಮುಂದೆ ವಿಮಾನದ ಟಿಕೆಟ್, ವಿಮೆ, ಬಾಡಿಗೆ ಕರಾರು ಎಲ್ಲ ಕಡೆಯೂ ವಿವರಣೆ ಕೊಡುತ್ತಾ ಇರಬೇಕಾಗುತ್ತದೆ. ಹೊಸದಾಗಿ ಮಾಡಿಸುವವರು ಎರಡೂ ಜಾಗ ತುಂಬಿಸಿ. ಈಗಾಗಲೇ ಖಾಲಿ ಇದ್ದರೆ ಪ್ರೊಫೆಸರ್‌ಗೆ ಪಾಸ್‌ಪೋರ್ಟ್ ಪುಟದ ಪ್ರತಿ ಕಳಿಸಿ, ಆಹ್ವಾನ ಪತ್ರದಲ್ಲಿ ಹೆಸರು ಅಕ್ಷರಕ್ಕೆ ಅಕ್ಷರ ಅದರಂತೆಯೇ ಇರಲಿ ಎಂದು ಕೇಳಿ.

ಆಹ್ವಾನ ಪತ್ರದಲ್ಲಿ ಇರಬೇಕಾದದ್ದು: ಶುರುವಿನ ಮತ್ತು ಕೊನೆಯ ದಿನಾಂಕ, ಕೆಲಸದ ವಿಷಯ, ವಾರಕ್ಕೆ ಎಷ್ಟು ಗಂಟೆ, ಹಣ ಕೊಡುತ್ತಾರೋ ಇಲ್ಲವೋ, ಕೊಟ್ಟರೆ ತಿಂಗಳಿಗೆ ಎಷ್ಟು, ಮೇಲ್ವಿಚಾರಕರ ಹೆಸರು, ಸಹಿ. ಕಂಪನಿಯಲ್ಲಿ ಇಂಟರ್ನ್‌ಶಿಪ್ ಆದರೆ ಇನ್ನೊಂದು ಮೆಟ್ಟಿಲು ಇದೆ. ಹೊರದೇಶದ ವಿದ್ಯಾರ್ಥಿ ತನ್ನ ಓದಿಗೆ ಸಂಬಂಧಿಸಿದ ಇಂಟರ್ನ್‌ಶಿಪ್ ಮಾಡಲು ಜರ್ಮನಿಯ ಕೇಂದ್ರ ಉದ್ಯೋಗ ಸಂಸ್ಥೆಯ ಒಪ್ಪಿಗೆ ಬೇಕು. ನಾಲ್ಕು ಸೆಮಿಸ್ಟರ್ ಮುಗಿದಿರಬೇಕು. ಆ ಒಪ್ಪಿಗೆಯನ್ನು ಕೇಳಬೇಕಾದವರು ಕಂಪನಿಯವರು. ಸಣ್ಣ ಕಂಪನಿಗಳಿಗೆ ಇದು ಗೊತ್ತೇ ಇರುವುದಿಲ್ಲ, ನೀವೇ ನೆನಪಿಸಿ. ಪ್ರವಾಸಿ ವೀಸಾ ಮಾಡಿಸಿಕೊಂಡು ಹೋಗಿ ಕೆಲಸ ಮಾಡಬಹುದು ಎಂದು ಯಾರು ಹೇಳಿದರೂ ಕೇಳಬೇಡಿ. ಅರ್ಜಿಯಲ್ಲಿ ಉದ್ದೇಶ ಇಂಟರ್ನ್‌ಶಿಪ್ ಎಂದೇ ಇರಬೇಕು.

ಷೆಂಗೆನ್ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳಿರುವಾಗಿನಿಂದ ಹಾಕಬಹುದು, ಕನಿಷ್ಠ 15 ದಿನ ಮುಂಚೆ ಹಾಕಲೇಬೇಕು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ. ಸಂಶಯ ಬಂದರೆ 45 ದಿನದವರೆಗೆ ಎಳೆಯಬಹುದು. ಏಪ್ರಿಲ್, ಮೇ ತಿಂಗಳಲ್ಲಿ ಯುರೋಪ್ ಪ್ರವಾಸಕ್ಕೆ ಹೋಗುವ ಕುಟುಂಬಗಳೆಲ್ಲ ಬೆಂಗಳೂರಿನ ಅದೇ ವೀಸಾ ಕೇಂದ್ರದ ಮುಂದೆ ನಿಲ್ಲುತ್ತವೆ. ಮಾರ್ಚ್‌ನಲ್ಲೇ ಅಪಾಯಿಂಟ್‌ಮೆಂಟ್ ಹಿಡಿಯಿರಿ. ವಿಮೆ ಕನಿಷ್ಠ 30,000 ಯುರೋ ವೈದ್ಯಕೀಯ ಖರ್ಚಿಗೆ, ಇಡೀ ಷೆಂಗೆನ್ ಪ್ರದೇಶಕ್ಕೆ, ಇರುವ ಅಷ್ಟೂ ದಿನಕ್ಕೆ ಇರಬೇಕು. ಅದರ ಜೊತೆ ಇನ್ನೊಬ್ಬರ ವಸ್ತು ಹಾಳಾದರೆ ಭರಿಸುವ ಹೊಣೆಗಾರಿಕೆ ವಿಮೆಯೂ ಇರಲಿ. ಅಲ್ಲಿನ ಹಾಸ್ಟೆಲ್, ಲ್ಯಾಬ್ ಕಟ್ಟಡಗಳಲ್ಲಿ ಒಂದೇ ಬೀಗದ ಕೈ ಮುಂಬಾಗಿಲಿಗೂ ಕೋಣೆಗೂ ಆಗುತ್ತದೆ. ಅದು ಕಳೆದರೆ ಹಲವು ಬೀಗ ಬದಲಿಸಬೇಕಾಗಿ, ಖರ್ಚು ಒಬ್ಬ ವಿದ್ಯಾರ್ಥಿಯ ಕೈಗೆ ಮೀರಿದ್ದಾಗುತ್ತದೆ.

ಕೋಣೆ ಹುಡುಕುವಾಗ ಬೇಸಿಗೆ ನಿಮ್ಮ ಪರವಾಗಿಯೇ ಇರುತ್ತದೆ. ಅಲ್ಲಿನ ವಿದ್ಯಾರ್ಥಿಗಳು ಊರಿಗೆ ಹೋಗುವಾಗ ತಮ್ಮ ಕೋಣೆಯನ್ನು ಎರಡು ಮೂರು ತಿಂಗಳಿಗೆ ಮರುಬಾಡಿಗೆಗೆ ಕೊಡುತ್ತಾರೆ. ಇದಕ್ಕೆ ‘ಟ್ಸ್ವಿಷೆನ್‌ಮೀಟೆ’ ಎನ್ನುತ್ತಾರೆ. ಬಾಡಿಗೆಯಲ್ಲಿ ‘ಕಾಲ್ಟ್’ ಎಂದರೆ ಬರೀ ಗೋಡೆಗೆ, ‘ವಾರ್ಮ್’ ಎಂದರೆ ನೀರು, ಹೀಟಿಂಗ್ ಎಲ್ಲ ಸೇರಿ. ಕರೆಂಟು, ಇಂಟರ್ನೆಟ್ ಒಳಗೋ ಹೊರಗೋ ಎಂದು ಬೇರೆಯಾಗಿ ಕೇಳಿ. ಮೋಸದ ಜಾಹೀರಾತು ಗುರುತಿಸುವುದು ಸುಲಭ: ಬಾಡಿಗೆ ಆ ಊರಿನ ದರಕ್ಕಿಂತ ತೀರಾ ಕಡಿಮೆ, ಮಾಲೀಕ ಪರದೇಶದಲ್ಲಿದ್ದಾನೆ, ಹಣ ಕಳಿಸಿದರೆ ಬೀಗದ ಕೈ ಪೋಸ್ಟ್‌ನಲ್ಲಿ ಬರುತ್ತದೆ. ಈ ಮೂರರಲ್ಲಿ ಯಾವುದು ಕಂಡರೂ ಹಣ ಕಳಿಸಬೇಡಿ. ನಿಮ್ಮ ಲ್ಯಾಬಿನ ಒಬ್ಬರು ಹೋಗಿ ನೋಡಿ ಬರಲಿ, ಅಥವಾ ವಿಡಿಯೊ ಕಾಲ್‌ನಲ್ಲಿ ಮನೆ ತೋರಿಸಲಿ.

ಪೆಟ್ಟಿಗೆ ಕಟ್ಟುವಾಗ ಮನೆಯಲ್ಲಿ ವಾದ ನಡೆಯುವುದು ತಿಂಡಿಯ ವಿಷಯಕ್ಕೆ. ಹಾಲಿನ ಪದಾರ್ಥ, ಮಾಂಸದ ಪದಾರ್ಥ ಐರೋಪ್ಯ ಒಕ್ಕೂಟದೊಳಕ್ಕೆ ಒಯ್ಯುವಂತಿಲ್ಲ. ಅಜ್ಜಿ ಕಾಯಿಸಿದ ತುಪ್ಪವೂ ಇದರಲ್ಲೇ ಬರುತ್ತದೆ. ಕರಿಬೇವು, ಮಾವಿನಹಣ್ಣು ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಬಿಡುವುದಿಲ್ಲ. ರಾಗಿಹಿಟ್ಟು, ಸಾರಿನಪುಡಿ, ಹುಳಿಪುಡಿ, ಚಟ್ನಿಪುಡಿಗೆ ಅಡ್ಡಿಯಿಲ್ಲ. ಎರಡು ಕೆ.ಜಿ. ರಾಗಿಹಿಟ್ಟು, ಪುಡಿಗಳು ಕಾಲು ಕೆ.ಜಿ.ಯಂತೆ ಒಯ್ದರೆ ಹನ್ನೆರಡು ವಾರಕ್ಕೆ ಸಾಕು. ಮಿಲ್ಲಿನಲ್ಲಿ ಬೀಸಿಸಿದ್ದನ್ನು ಬರಿ ಕವರಿನಲ್ಲಿ ಕಟ್ಟಬೇಡಿ. ಹೆಸರು ಅಚ್ಚಾದ ಸೀಲ್ ಪೊಟ್ಟಣವಾದರೆ ಕಸ್ಟಮ್ಸ್‌ನಲ್ಲಿ ಪ್ರಶ್ನೆ ಬೇಗ ಮುಗಿಯುತ್ತದೆ. ತೊಗರಿಬೇಳೆ, ಕರಿಬೇವು ಅಲ್ಲಿನ ಏಷ್ಯನ್ ಅಂಗಡಿಗಳಲ್ಲಿ ಸಿಗುತ್ತವೆ. ಕುಕ್ಕರ್ ಒಯ್ಯುವವರು ತಳಕ್ಕೆ ಅಯಸ್ಕಾಂತ ಹಿಡಿದು ನೋಡಿ. ಅಂಟದಿದ್ದರೆ ಇಂಡಕ್ಷನ್ ಒಲೆಯ ಮೇಲೆ ಅದು ಕಾಯುವುದಿಲ್ಲ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ತೆಳುವಾದ ಮಳೆ ಕೋಟು, ಲ್ಯಾಬಿಗೆ ಮುಚ್ಚಿದ ಬೂಟು, ಉದ್ದ ಪ್ಯಾಂಟು ಮರೆಯಬೇಡಿ. ಬ್ಯಾಂಕಿನ ಒಟಿಪಿ ಬರುವ ಸಿಮ್‌ಗೆ ಇಲ್ಲಿಂದಲೇ ರೋಮಿಂಗ್ ಹಾಕಿಸಿ, ಅಲ್ಲಿ ಹೋದ ಮೇಲೆ ಅದು ಕಷ್ಟ.

ಮೈಸೂರಿನಿಂದ ಕೆಎಸ್‌ಆರ್‌ಟಿಸಿ ಫ್ಲೈಬಸ್ ನೇರ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಹೋಗುತ್ತದೆ. ಅಂತರರಾಷ್ಟ್ರೀಯ ವಿಮಾನಗಳು ಹೊರಡುವುದು ಟರ್ಮಿನಲ್ 2ರಿಂದ. ದಶಪಥ ಹೆದ್ದಾರಿಯಲ್ಲಿ ಉಳಿಸಿದ ಸಮಯವನ್ನು ಬೆಂಗಳೂರಿನ ಟ್ರಾಫಿಕ್ ನುಂಗಿಬಿಡುತ್ತದೆ. ವಿಮಾನದ ಹೊತ್ತಿಗೆ ಎಂಟು ಗಂಟೆ ಮುಂಚೆ ಮೈಸೂರು ಬಿಡುವ ಬಸ್ಸಿಗೆ ಟಿಕೆಟ್ ಮಾಡಿಸಿ.

ಸ್ಟೈಪೆಂಡ್ ಬಂದರೂ ಮೊದಲ ತಿಂಗಳ ಕೊನೆಗೇ ಬರುವುದು. ಆದ್ದರಿಂದ ಬಾಡಿಗೆ, ಅಡ್ವಾನ್ಸ್, ಊಟ, ಓಡಾಟ ಎಲ್ಲಕ್ಕೂ ಸೇರಿ ಸುಮಾರು 1,200 ಯುರೋ ಇಟ್ಟುಕೊಳ್ಳಿ; ಅದರಲ್ಲಿ 200 ನಗದಾಗಿ, ಉಳಿದದ್ದು ವಿದೇಶಿ ಹಣ ತುಂಬಿಸಿಕೊಳ್ಳುವ ಫಾರೆಕ್ಸ್ ಕಾರ್ಡಿನಲ್ಲಿ. ಸಣ್ಣ ಬೇಕರಿಗಳಲ್ಲಿ ಇವತ್ತಿಗೂ ಕಾರ್ಡ್ ನಡೆಯದಿರುವುದುಂಟು. ಸ್ಥಳೀಯ ಸಿಮ್‌ಗೆ ಗುರುತು ಪರಿಶೀಲನೆ ಕಡ್ಡಾಯ. ಸೂಪರ್ ಮಾರ್ಕೆಟ್ಟಿನ ಸಿಮ್‌ಗೆ ವಿಡಿಯೊ ಕಾಲ್‌ನಲ್ಲಿ ಒದ್ದಾಡುವ ಬದಲು ಪಾಸ್‌ಪೋರ್ಟ್ ತೋರಿಸಿ ಅಲ್ಲೇ ಚಾಲೂ ಮಾಡಿಕೊಡುವ ಅಂಗಡಿಗೆ ಹೋಗಿ. ಕೋಣೆಗೆ ಸೇರಿದ ದಿನವೇ ಅಂಚೆ ಪೆಟ್ಟಿಗೆಯ ಮೇಲೆ ನಿಮ್ಮ ಹೆಸರಿನ ಚೀಟಿ ಅಂಟಿಸಿ. ಅಲ್ಲಿ ಅಂಚೆಯವರು ಮನೆ ನಂಬರ್ ನೋಡಿ ಯಾರನ್ನೋ ಕೇಳಿ ಕೊಟ್ಟುಹೋಗುವುದಿಲ್ಲ. ಪೆಟ್ಟಿಗೆಯ ಮೇಲೆ ಹೆಸರಿಲ್ಲದಿದ್ದರೆ ಪತ್ರ ವಾಪಸ್.

ಓಡಾಟಕ್ಕೆ ‘ಡಾಯ್ಚ್‌ಲಾಂಡ್ ಟಿಕೆಟ್’ ಬಹಳ ಉಪಯೋಗ. 2023ರ ಮೇನಲ್ಲಿ ತಿಂಗಳಿಗೆ 49 ಯುರೋ ದರದಲ್ಲಿ ಶುರುವಾದದ್ದು 2025ರಲ್ಲಿ 58 ಆಯಿತು, 2026ರ ಜನವರಿಯಿಂದ 63. ದೇಶದ ಎಲ್ಲ ಊರುಗಳ ಬಸ್ಸು, ಟ್ರಾಮ್, ಮೆಟ್ರೊ, ಪ್ರಾದೇಶಿಕ ರೈಲು ಇದರಲ್ಲಿ ಬರುತ್ತವೆ. ವೇಗದ ಐಸಿಇ, ಐಸಿ ರೈಲುಗಳು ಬರುವುದಿಲ್ಲ. ಅದು ಕ್ಯಾಲೆಂಡರ್ ತಿಂಗಳ ಲೆಕ್ಕದ ಚಂದಾ. 22ನೇ ತಾರೀಕು ಇಳಿದವರು ಆ ತಿಂಗಳಿಗೆ ಕೊಳ್ಳುವುದು ನಷ್ಟ. ಕೊನೆಯ ತಿಂಗಳ 10ನೇ ತಾರೀಕಿನೊಳಗೆ ರದ್ದು ಮಾಡದಿದ್ದರೆ ಊರಿಗೆ ಬಂದ ಮೇಲೂ ಹಣ ಕಡಿತವಾಗುತ್ತದೆ. ನಿಲ್ದಾಣಗಳಲ್ಲಿ ಗೇಟಿಲ್ಲ, ಬಸ್ಸಿನಲ್ಲಿ ಕಂಡಕ್ಟರ್ ಇಲ್ಲ, ಆದರೆ ತಪಾಸಣೆಯವರು ಮಾಮೂಲಿ ಬಟ್ಟೆಯಲ್ಲಿ ಹತ್ತುತ್ತಾರೆ. ಟಿಕೆಟ್ ಇಲ್ಲದಿದ್ದರೆ 60 ಯುರೋ ದಂಡ. ಹಲವು ಊರುಗಳಲ್ಲಿ ಕಾಗದದ ಟಿಕೆಟ್‌ಗೆ ಯಂತ್ರದಲ್ಲಿ ಮುದ್ರೆ ಒತ್ತಬೇಕು. ಒತ್ತದ ಟಿಕೆಟ್ ಇಲ್ಲದ ಟಿಕೆಟ್ಟಿಗೆ ಸಮ.

ಅಡುಗೆಮನೆ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ನಮ್ಮ ವಿದ್ಯಾರ್ಥಿಗಳಿಗೆ ಮೊದಲ ಜಗಳ ಹತ್ತಿಕೊಳ್ಳುವುದು ಅಲ್ಲೇ. ಹಾಸ್ಟೆಲ್ ಕಾರಿಡಾರ್‌ಗಳಲ್ಲಿ ಹೊಗೆ ಸಂವೇದಕ ಇರುತ್ತದೆ. ಕೆಲವು ಕಡೆ ಅದು ನೇರ ಅಗ್ನಿಶಾಮಕ ದಳಕ್ಕೆ ಸಂಪರ್ಕ. ಒಣಮೆಣಸಿನಕಾಯಿ ಒಗ್ಗರಣೆಗೆ ಘಾಟು ಎದ್ದಾಗ ಸಹಜವಾಗಿ ಕೈ ಹೋಗುವುದು ಬಾಗಿಲಿಗೆ. ಬಾಗಿಲು ತೆರೆದರೆ ಹೊಗೆ ಕಾರಿಡಾರ್‌ಗೆ ಹೋಗಿ ಇಡೀ ಕಟ್ಟಡದ ಗಂಟೆ ಬಾರಿಸುತ್ತದೆ. ಬಾಗಿಲು ಮುಚ್ಚಿ, ಕಿಟಕಿ ತೆರೆದು, ಚಿಮಣಿ ಹಾಕಿಕೊಂಡು ಆಮೇಲೆ ಎಣ್ಣೆ ಕಾಯಿಸಿ. ಗಾಜಿನ ಮೇಲ್ಮೈಯ ವಿದ್ಯುತ್ ಒಲೆ ಆರಿಸಿದ ಮೇಲೂ ಐದಾರು ನಿಮಿಷ ಬಿಸಿ ಬಿಡುತ್ತಲೇ ಇರುತ್ತದೆ. ಮುದ್ದೆಗೆ ಇದು ಒಳ್ಳೆಯದೇ: ಹಿಟ್ಟು ಹಾಕಿ ಎರಡು ನಿಮಿಷಕ್ಕೆ ಒಲೆ ಆರಿಸಿದರೆ ಉಳಿದ ಶಾಖದಲ್ಲೇ ಬೇಯುತ್ತದೆ. ಆದರೆ ತೊಳಸುವಾಗ ಪಾತ್ರೆಯನ್ನು ಗಾಜಿನ ಮೇಲಿಟ್ಟು ಕುಟ್ಟಬೇಡಿ, ಕೆಳಗಿಳಿಸಿ ತೊಳಸಿ. ಅಂಗಡಿಯಲ್ಲಿ ಅಗ್ಗದ ಅಕ್ಕಿ ಎಂದು ‘ಮಿಲ್ಷ್‌ರೈಸ್’ ತಂದರೆ ಅನ್ನ ಅಂಟಂಟಾಗುತ್ತದೆ. ಅದು ಪಾಯಸದಂಥ ಸಿಹಿಗೆ ಬಳಸುವ ಅಕ್ಕಿ. ಭಾನುವಾರ ಅಂಗಡಿಗಳು ಬಹುತೇಕ ಬಂದ್. ದೊಡ್ಡ ರೈಲು ನಿಲ್ದಾಣದೊಳಗಿನಂಥ ಕೆಲವು ಮಾತ್ರ ತೆರೆದಿರುತ್ತವೆ. ನಲ್ಲಿ ನೀರು ಕುಡಿಯಬಹುದು. ಕೊಂಡ ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ಠೇವಣಿ ಸೇರಿರುತ್ತದೆ. ಖಾಲಿ ಬಾಟಲಿ ಜಜ್ಜದೆ ಅಂಗಡಿಯ ಯಂತ್ರಕ್ಕೆ ಹಾಕಿದರೆ ಚೀಟಿ ಬರುತ್ತದೆ. ಅದನ್ನು ಕೌಂಟರಿನಲ್ಲಿ ಕೊಟ್ಟು ಹಣ ಪಡೆಯಿರಿ.

ಲ್ಯಾಬಿನಲ್ಲಿ ಮೊದಲ ದಿನ ಸುರಕ್ಷತಾ ಪಾಠ ಮುಗಿಸಿ ಸಹಿ ಹಾಕುವವರೆಗೆ ಯಾವ ಉಪಕರಣವನ್ನೂ ಮುಟ್ಟುವ ಹಾಗಿಲ್ಲ. ಹೆಸರು ಹಿಡಿದು ಕರೆಯಿರಿ ಎಂದವರನ್ನು ಹೆಸರು ಹಿಡಿದೇ ಕರೆಯಿರಿ. ಮಾತುಮಾತಿಗೂ ‘ಸರ್’ ಎಂದರೆ ಅವರಿಗೆ ಮುಜುಗರ. ಒಂಬತ್ತಕ್ಕೆ ಮೀಟಿಂಗ್ ಎಂದರೆ ಒಂಬತ್ತಕ್ಕೆ ಐದು ನಿಮಿಷ ಇರುವಾಗ ಕುಳಿತಿರಬೇಕು. ಗೊತ್ತಾಗದ್ದನ್ನು ಗೊತ್ತಾಯಿತು ಎಂದು ತಲೆಯಾಡಿಸುವುದು ನಮ್ಮವರು ಮಾಡುವ ದೊಡ್ಡ ತಪ್ಪು. ಹನ್ನೆರಡು ವಾರದ ಕೆಲಸದಲ್ಲಿ ಅದರಿಂದ ಎರಡು ವಾರ ಹೋಗಿರುವುದು ಆಮೇಲೆ ಗೊತ್ತಾಗುತ್ತದೆ. ಪ್ರತಿ ಶುಕ್ರವಾರ ಅರ್ಧ ಪುಟದಲ್ಲಿ ಏನು ಮಾಡಿದೆ, ಎಲ್ಲಿ ನಿಂತಿದೆ ಎಂದು ಬರೆದು ಕಳಿಸಿ. ಮೇ, ಜೂನ್‌ನಲ್ಲಿ ಗುರುವಾರ ಹಬ್ಬ ಬಂದರೆ ಶುಕ್ರವಾರವೂ ಲ್ಯಾಬ್ ಖಾಲಿ ಇರುತ್ತದೆ, ಉಪಕರಣದ ಸರದಿಯನ್ನು ಅದಕ್ಕೆ ತಕ್ಕಂತೆ ಮೊದಲೇ ಬರೆಸಿ. ನಿಮ್ಮ ಹುಟ್ಟುಹಬ್ಬಕ್ಕೆ ಕೇಕ್ ತರಬೇಕಾದವರು ನೀವೇ.

ವಾರಾಂತ್ಯದ ತಿರುಗಾಟಕ್ಕೆ ಹೋಗುವಾಗ ಮೂಲ ಪಾಸ್‌ಪೋರ್ಟ್ ಜೊತೆಗಿರಲಿ. ಸ್ವಿಟ್ಜರ್ಲೆಂಡ್ ಐರೋಪ್ಯ ಒಕ್ಕೂಟದಲ್ಲಿ ಇಲ್ಲದಿದ್ದರೂ ಷೆಂಗೆನ್‌ನಲ್ಲಿದೆ, ಹೋಗಬಹುದು. ಬ್ರಿಟನ್, ಐರ್ಲೆಂಡ್ ಷೆಂಗೆನ್ ಅಲ್ಲ; ಅವಕ್ಕೆ ಬೇರೆ ವೀಸಾ, ಮೇಲಾಗಿ ಒಂದೇ ಪ್ರವೇಶದ ವೀಸಾ ಇದ್ದವರು ಹೊರಗೆ ಕಾಲಿಟ್ಟರೆ ಮರಳಿ ಬರಲಾಗದು. ಡ್ರೆಸ್ಡೆನ್ ಕಡೆ ಹೋಗುವವರಿಗೆ ಒಂದು ಮಾತು: ಲಾಲ್‌ಬಾಗ್ ಬೆಳೆಸಿದ, ಮೈಸೂರು ಸಂಸ್ಥಾನದ ಉದ್ಯಾನಗಳಿಗೆ ರೂಪ ಕೊಟ್ಟ ಕೃಂಬಿಗಲ್ ಹುಟ್ಟಿದ್ದು ಅದರ ಹತ್ತಿರದ ಲೋಮೆನ್ ಎಂಬ ಊರಿನಲ್ಲಿ. ಕಾಡಿನಲ್ಲಿ ನಡೆದು ಬಂದ ಸಂಜೆ ಮಂಡಿಯ ಹಿಂಭಾಗ, ತೊಡೆಸಂದು ನೋಡಿಕೊಳ್ಳಿ. ಬೇಸಿಗೆಯಲ್ಲಿ ರಕ್ತ ಹೀರುವ ಉಣ್ಣೆ ಹುಳು (ಉಣುಗು) ಕಚ್ಚುತ್ತದೆ, ಅದರಿಂದ ಲೈಮ್ ರೋಗ ಬರಬಹುದು. ತುರ್ತಿಗೆ 112, ರಾತ್ರಿ ಅಥವಾ ರಜಾದಿನ ವೈದ್ಯರು ಬೇಕಾದರೆ 116117. ಬಿಲ್ಲನ್ನು ಮೊದಲು ನೀವೇ ಕಟ್ಟಬೇಕಾಗಿ ಬರಬಹುದು, ರಸೀದಿ ಎಸೆಯಬೇಡಿ.

ಪ್ರಮಾಣಪತ್ರಕ್ಕೆ ಹತ್ತನೇ ವಾರದಲ್ಲೇ ಕೇಳಿ. ಸಹಿ ಹಾಕುವವರು ಆಗಸ್ಟ್‌ನಲ್ಲಿ ರಜೆಯ ಮೇಲೆ ಹೋದರೆ ಅದು ನಿಮ್ಮ ಕಾಲೇಜು ಕೇಳುವ ದಿನಾಂಕದೊಳಗೆ ಬರುವುದಿಲ್ಲ. ಕೋಣೆ ಬಿಡುವ ದಿನ ಮಾಲೀಕರ ಜೊತೆ ನಿಂತು ಗೋಡೆ, ಒಲೆ, ಬೀಗದ ಕೈ ಎಲ್ಲ ಬರೆಸಿ ಸಹಿ ಹಾಕಿಸಿಕೊಳ್ಳಿ. ಅಡ್ವಾನ್ಸ್ ಹಣ ವಾಪಸ್ ಬರುವುದು ಆ ಕಾಗದದ ಮೇಲೆ. ವಾಪಸ್ ಟಿಕೆಟ್ಟನ್ನು 90ನೇ ದಿನಕ್ಕೆ ಮಾಡಿಸಬೇಡಿ, 87ನೇ ದಿನಕ್ಕೆ ಮಾಡಿಸಿ. ವಿಮಾನ ರದ್ದಾದರೂ ಆಗ ಕೈಯಲ್ಲಿ ಮೂರು ದಿನ ಉಳಿದಿರುತ್ತದೆ.