ಟ್ರೈಲರ್ ಕಟ್ಟಿಕೊಂಡು 1,180 ಕಿಲೋಮೀಟರ್: ಡೀಸೆಲ್ ಕುಡಿದಿದ್ದು ಲೋಡ್ ಅಲ್ಲ, ಗಾಳಿ

ನನ್ನ ತಮ್ಮ ಮನೆ ಬದಲಾಯಿಸುತ್ತಿದ್ದ. ಹೊಸ ಮನೆ 590 ಕಿಲೋಮೀಟರ್ ದೂರ. ಫ್ರಿಜ್, ವಾಷಿಂಗ್ ಮೆಷಿನ್, ಎರಡು ಮಂಚ, ಒಂದು ಕಬ್ಬಿಣದ ಬೀರು, ಮತ್ತೆ ಪುಸ್ತಕದ ಡಬ್ಬಗಳು. ಆ ಡಬ್ಬಗಳಿಗೆ ಕೊನೆಯೇ ಇರಲಿಲ್ಲ. ನನ್ನ ಹತ್ತಿರ 2.8 ಲೀಟರ್ ಎಂಜಿನ್ನಿನ ಡೀಸೆಲ್ ಪಿಕಪ್ ಇದೆ, ಆಟೊಮ್ಯಾಟಿಕ್ ಗೇರ್, 80 ಲೀಟರ್ ಟ್ಯಾಂಕ್. ಬಾಡಿಗೆಗೆ ಒಂದು ಮುಚ್ಚಿದ ಡಬ್ಬಿ ಟ್ರೈಲರ್ ತಂದೆವು. ಹೋಗುವಾಗ ತುಂಬಿಕೊಂಡು, ಬರುವಾಗ ಖಾಲಿ. ಟ್ರೈಲರ್ ವಾಪಸ್ ಕೊಟ್ಟ ಮೇಲೆ ನಾನು ಇನ್ನೂ 236 ಕಿಲೋಮೀಟರ್ ಒಂಟಿ ಗಾಡಿಯಲ್ಲಿ ಹೋಗಬೇಕಿತ್ತು. ಒಂದೇ ಗಾಡಿ, ಒಂದೇ ಡ್ರೈವರ್, ಮೂರು ಥರದ ಓಟ. ಲೆಕ್ಕ ಬರೆದಿಡೋಣ ಅಂತ ಡ್ಯಾಶ್‌ಬೋರ್ಡ್ ಮೇಲೆ ಒಂದು ನೋಟ್‌ಬುಕ್ ಇಟ್ಟುಕೊಂಡೆ.

ಹೊರಡುವ ಮುಂಚೆ ನನ್ನ ಅಂದಾಜು ಹೀಗಿತ್ತು: ಹೋಗುವಾಗ ಡೀಸೆಲ್ ನೀರಿನ ಹಾಗೆ ಹೋಗುತ್ತದೆ, ಬರುವಾಗ ಟ್ರೈಲರ್ ಖಾಲಿ ಇರುವುದರಿಂದ ಹೆಚ್ಚುಕಮ್ಮಿ ಮಾಮೂಲಿ ಮೈಲೇಜ್ ಸಿಗುತ್ತದೆ. ಎರಡನೆಯದು ಪೂರ್ತಿ ತಪ್ಪಾಯಿತು.

ಮೊದಲು ಅಳೆಯುವ ವಿಷಯ. ಡ್ಯಾಶ್‌ಬೋರ್ಡ್ ತೋರಿಸುವ ಮೈಲೇಜನ್ನು ನಂಬಿಕೊಂಡು ಕೂರಬೇಡಿ. ನನ್ನ ಗಾಡಿಯದು ಯಾವಾಗಲೂ ನಿಜಕ್ಕಿಂತ ಸ್ವಲ್ಪ ಜಾಸ್ತಿಯೇ ತೋರಿಸುತ್ತದೆ. ಟ್ಯಾಂಕ್ ಫುಲ್ ಮಾಡಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ, ಮತ್ತೆ ಫುಲ್ ಮಾಡಿದಾಗ ಎಷ್ಟು ಲೀಟರ್ ಹಿಡಿಯಿತು ಅಂತ ಬರೆದುಕೊಳ್ಳಿ. ಎರಡು ಸಲವೂ ಪೈಪ್ ಮೊದಲ ಸಲ ಟಕ್ ಅಂದ ಕೂಡಲೇ ನಿಲ್ಲಿಸಿ. ಡೀಸೆಲ್ ನೊರೆ ಜಾಸ್ತಿ. ನೊರೆ ಇಳಿಯಲಿ ಅಂತ ಕಾದು, ಬಾಯಿವರೆಗೆ ತುಂಬಿಸಲು ಹೋದರೆ ಪ್ರತಿ ಸಲವೂ ಎರಡು ಮೂರು ಲೀಟರ್ ಹೆಚ್ಚುಕಮ್ಮಿ ಆಗುತ್ತದೆ. 50 ಕಿಲೋಮೀಟರ್ ಓಡಿಸಿ ಮೈಲೇಜ್ ಲೆಕ್ಕ ಹಾಕಿದರೆ ಈ ಎರಡು ಲೀಟರೇ ಉತ್ತರವನ್ನು ಕೆಡಿಸಿಬಿಡುತ್ತದೆ. ಕಡಿಮೆ ಅಂದರೂ 200 ಕಿಲೋಮೀಟರ್ ಓಡಿಸಿ ನೋಡಿ.

ಎರಡನೆಯದು ತೂಕ. ತುಂಬಿದ ಮೇಲೆ ವೇ ಬ್ರಿಡ್ಜ್‌ಗೆ ಹತ್ತಿಸಿದೆವು. ಪಿಕಪ್, ಟ್ರೈಲರ್, ನಾವಿಬ್ಬರು ಎಲ್ಲ ಸೇರಿ 4,500 ಕೆಜಿ. ಅದರಲ್ಲಿ ಟ್ರೈಲರಿನದು 2,300. ಖಾಲಿ ಟ್ರೈಲರ್ 800 ಕೆಜಿ, ಅಂದರೆ ಸಾಮಾನು ಒಂದೂವರೆ ಟನ್. "ಒಂದು ಟನ್ ಕೂಡ ಇಲ್ಲ ಬಿಡಕ್ಕಾ" ಅಂದಿದ್ದ ತಮ್ಮ ಚೀಟಿ ನೋಡಿ ಸುಮ್ಮನಾದ. ಕಣ್ಣಂದಾಜು ಯಾವಾಗಲೂ ಕಡಿಮೆಯೇ ಹೇಳುತ್ತದೆ, ಅದರಲ್ಲೂ ಪುಸ್ತಕದ ವಿಷಯದಲ್ಲಿ.

ಹೊರಟು ಹನ್ನೆರಡು ಕಿಲೋಮೀಟರ್ ಆಗಿತ್ತು. 80ರ ವೇಗ ಮುಟ್ಟಿದಾಗ ಹಿಂದಿನಿಂದ ಯಾರೋ ಗಾಡಿಯ ಸೊಂಟ ಹಿಡಿದು ಅಲ್ಲಾಡಿಸಿದ ಹಾಗಾಯಿತು. ಕನ್ನಡಿಯಲ್ಲಿ ನೋಡಿದರೆ ಟ್ರೈಲರ್ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಬಾಲ ಬೀಸುತ್ತಿದೆ. ಇಂಥ ಹೊತ್ತಲ್ಲಿ ಬ್ರೇಕ್ ಒತ್ತಬೇಕು ಅಂತ ಕಾಲು ತಾನಾಗಿ ಹೋಗುತ್ತದೆ. ಒತ್ತಬೇಡಿ. ಸ್ಟೀರಿಂಗನ್ನು ಆಕಡೆ ಈಕಡೆ ತಿರುಗಿಸಿ ಸರಿಮಾಡಲೂ ಹೋಗಬೇಡಿ. ಸ್ಟೀರಿಂಗ್ ನೆಟ್ಟಗೆ ಹಿಡಿದು, ಆಕ್ಸಿಲರೇಟರಿಂದ ಕಾಲು ತೆಗೆಯಿರಿ. ಟ್ರೈಲರ್ ಬ್ರೇಕನ್ನು ಮಾತ್ರ ಕೈಯಲ್ಲಿ ಹಾಕುವ ವ್ಯವಸ್ಥೆ ನಿಮ್ಮ ಗಾಡಿಯಲ್ಲಿದ್ದರೆ ಅದನ್ನು ಮೆಲ್ಲಗೆ ಒತ್ತಿ. ನಮ್ಮದು 60ಕ್ಕೆ ಇಳಿದ ಮೇಲೆ ತಣ್ಣಗಾಯಿತು.

ತಪ್ಪು ನಮ್ಮದೇ. ವಾಷಿಂಗ್ ಮೆಷಿನ್ನು, ಪುಸ್ತಕದ ಡಬ್ಬಗಳನ್ನು ಕೊನೆಗೆ ತಂದಿದ್ದೆವು, ಹಾಗಾಗಿ ಎಲ್ಲ ಭಾರವೂ ಹಿಂದಿನ ಬಾಗಿಲ ಹತ್ತಿರ ಕೂತಿತ್ತು. ರಸ್ತೆ ಬದಿಯಲ್ಲಿ ನಿಲ್ಲಿಸಿ, ಅರ್ಧ ಸಂಸಾರ ಕೆಳಗಿಳಿಸಿ, ಭಾರದ್ದನ್ನೆಲ್ಲ ಟ್ರೈಲರಿನ ಚಕ್ರಕ್ಕಿಂತ ಮುಂದಕ್ಕೆ ಸರಿಸಿದೆವು. ಒಂದೂವರೆ ಗಂಟೆ ಹೋಯಿತು. ಇಂಥ ಟ್ರೈಲರಿಗೆ ಒಟ್ಟು ತೂಕದ ಶೇ. 10ರಿಂದ 15ರಷ್ಟು ಹಿಚ್ ಮೇಲೆ, ಅಂದರೆ ಪಿಕಪ್ಪಿಗೆ ಟ್ರೈಲರ್ ಸಿಕ್ಕಿಸುವ ಕೊಂಡಿಯ ಮೇಲೆ ಕೂರಬೇಕು. ನಮ್ಮದಕ್ಕೆ 230 ಕೆಜಿಯಿಂದ 345 ಕೆಜಿ. ಅದಕ್ಕೂ ಮುಂಚೆ ನಿಮ್ಮ ಹಿಚ್ ಮೇಲೆ ಅಚ್ಚೊತ್ತಿರುವ ಮಿತಿ ಎಷ್ಟು ಅಂತ ಓದಿಕೊಳ್ಳಿ. ಅದು ಕಡಿಮೆ ಇದ್ದರೆ ಅದೇ ಕೊನೆಯ ಮಾತು.

ಸರಿ, ಲೆಕ್ಕಕ್ಕೆ ಬರೋಣ. ಮೊದಲ 412 ಕಿಲೋಮೀಟರ್ ಬಯಲು ದಾರಿ. ವೇಗ 85ರ ಆಸುಪಾಸು. ಹಿಡಿದ ಡೀಸೆಲ್ 58.9 ಲೀಟರ್, ಲೀಟರಿಗೆ 7 ಕಿಲೋಮೀಟರ್. ಒಂಟಿ ಗಾಡಿ ಹೆದ್ದಾರಿಯಲ್ಲಿ 12 ಕೊಡುತ್ತದೆ. ಅಂದರೆ ಸುಮಾರು ಶೇ. 40 ಬಿದ್ದುಹೋಯಿತು. ಗಾಬರಿ ಆಗಬೇಡಿ, ಎತ್ತರದ ಟ್ರೈಲರ್ ಎಳೆದರೆ ಹೀಗೇ. ಆದರೆ ಬಂಕ್ ಲೆಕ್ಕ ಮೊದಲೇ ಹಾಕಿಕೊಳ್ಳಿ. 80 ಲೀಟರ್ ಟ್ಯಾಂಕಲ್ಲಿ ಒಂಟಿ ಗಾಡಿ 900 ದಾಟಿ ಓಡುತ್ತದೆ. ಟ್ರೈಲರ್ ಕಟ್ಟಿದರೆ 500ಕ್ಕೇ ಸೂಜಿ ಕೆಂಪಿಗೆ ಬಂದಿರುತ್ತದೆ. ನಾನು 400 ಆದ ಕೂಡಲೇ ಬಂಕ್ ಹುಡುಕುತ್ತಿದ್ದೆ. ಇನ್ನೊಂದು ವಿಷಯ, ಬಂಕಿಗೆ ನುಗ್ಗುವ ಮುಂಚೆ ಹೊರಗೆ ಹೋಗುವ ದಾರಿ ನೋಡಿ. ಟ್ರೈಲರ್ ಕಟ್ಟಿಕೊಂಡು ರಿವರ್ಸ್ ತೆಗೆಯುವ ಪರಿಸ್ಥಿತಿ ಬಂದರೆ ಹಿಂದೆ ನಿಂತವರೆಲ್ಲ ಹಾರ್ನ್ ಹೊಡೆದೇ ಬುದ್ಧಿ ಹೇಳುತ್ತಾರೆ.

ಆಮೇಲೆ ಗುಡ್ಡ. 178 ಕಿಲೋಮೀಟರ್, ಅದರಲ್ಲಿ 44 ಕಿಲೋಮೀಟರ್ ಬರೀ ಏರು. ಒಟ್ಟು 900 ಮೀಟರ್ ಮೇಲಕ್ಕೆ. ಕಡಿದಾದ ಜಾಗದಲ್ಲಿ ಡ್ಯಾಶ್‌ಬೋರ್ಡ್ ಲೀಟರಿಗೆ ಎರಡೂವರೆ ಕಿಲೋಮೀಟರ್ ಅಂತ ತೋರಿಸಿತು. ತಮ್ಮನ ಮುಖ ನೋಡಬೇಕಿತ್ತು. ನಿಜ ಹೇಳಬೇಕೆಂದರೆ ಆ ನಂಬರ್ ನೋಡಿದಷ್ಟು ಭಯಂಕರ ಅಲ್ಲ. 4,500 ಕೆಜಿಯನ್ನು 900 ಮೀಟರ್ ಎತ್ತಲು ಬೇಕಾದ ಶಕ್ತಿ ಸುಮಾರು 40 ಮೆಗಾಜೂಲ್. ಒಂದು ಲೀಟರ್ ಡೀಸೆಲಲ್ಲಿ ಇರುವುದು ಸುಮಾರು 36. ಅದರಲ್ಲಿ ಚಕ್ರಕ್ಕೆ ತಲುಪುವುದು ಮೂರನೇ ಒಂದು ಭಾಗ, ಉಳಿದದ್ದು ಶಾಖವಾಗಿ ಹೋಗುತ್ತದೆ. ಅಂದರೆ ಇಡೀ ಏರಿಗೆ ಹೆಚ್ಚುವರಿ ಖರ್ಚು ಮೂರೂ ಚಿಲ್ಲರೆ ಲೀಟರ್, ಅಷ್ಟೇ. ಭಾರಕ್ಕೆ ದಂಡ ಕಟ್ಟುವ ಜಾಗ ಇದೇ, ಆದರೆ ಅದು ಒಂದು ಸಲದ ದಂಡ. ಗುಡ್ಡದ ಈ ಪೂರ್ತಿ ದಾರಿಗೆ 31.8 ಲೀಟರ್ ಆಯಿತು, ಲೀಟರಿಗೆ 5.6.

ಏರಿನಲ್ಲಿ ಟೋ ಮೋಡ್, ಅಂದರೆ ಭಾರ ಎಳೆಯುವಾಗ ಗೇರ್ ಪದೇ ಪದೇ ಬದಲಾಗದಂತೆ ತಡೆಯುವ ಸೆಟ್ಟಿಂಗ್ ಹಾಕಿಕೊಳ್ಳಿ. ಇಲ್ಲದಿದ್ದರೆ ಆಟೊಮ್ಯಾಟಿಕ್ ಗೇರ್ ಐದು, ನಾಲ್ಕು, ಮತ್ತೆ ಐದು ಅಂತ ಒದ್ದಾಡುತ್ತಲೇ ಇರುತ್ತದೆ, ಗೇರ್‌ಬಾಕ್ಸ್ ಎಣ್ಣೆ ಕಾಯುತ್ತದೆ. ಮೈಲೇಜ್ ಉಳಿಸುತ್ತೇನೆ ಅಂತ ದೊಡ್ಡ ಗೇರಲ್ಲಿ ಎಂಜಿನ್ ತಿಣುಕುವ ಹಾಗೆ ಎಳೆಸಬೇಡಿ. ಕ್ರೂಸ್ ಕಂಟ್ರೋಲ್ ಬಯಲಿಗೆ ಸರಿ, ಗುಡ್ಡಕ್ಕೆ ಬೇಡ. ಅದಕ್ಕೆ ಮುಂದೆ ಇರುವ ಏರು ಕಾಣುವುದಿಲ್ಲ, ವೇಗ ಬಿದ್ದ ಮೇಲೆ ದಡಬಡಿಸಿ ಡೀಸೆಲ್ ಸುರಿಯುತ್ತದೆ. ಇಳಿಜಾರಿಗೆ ಮುಂಚೆಯೇ ಸಣ್ಣ ಗೇರಿಗೆ ಬನ್ನಿ. ಗೇರಲ್ಲೇ ಇದ್ದು ಕಾಲು ತೆಗೆದರೆ ಎಂಜಿನ್ನಿಗೆ ಡೀಸೆಲ್ ಹೋಗುವುದೇ ಇಲ್ಲ. ನ್ಯೂಟ್ರಲ್ ಮಾಡಿದರೆ ಐಡಲ್ ಓಡಲು ಡೀಸೆಲ್ ಬೇಕೇ ಬೇಕು. ಅಂದರೆ ನ್ಯೂಟ್ರಲ್‌ನಲ್ಲಿ ಇಳಿದರೆ ಉಳಿತಾಯವೂ ಇಲ್ಲ, ಬ್ರೇಕೂ ಸುಟ್ಟುಹೋಗುತ್ತದೆ.

ಈಗ ವಾಪಸ್ ಬಂದ ಕಥೆ. ಹಳೆ ಮನೆಯ ಬೀಗದ ಕೈ ಕೊಡಬೇಕಿತ್ತು, ತಮ್ಮನೂ ಜೊತೆಗೆ ಬಂದ. ಗುಡ್ಡದ 178 ಕಿಲೋಮೀಟರಿಗೆ 24.4 ಲೀಟರ್. ಈ ಸಲ ಇಳಿಯುವುದೇ ಜಾಸ್ತಿ, ಹಾಗಾಗಿ ಇದನ್ನು ಹೋಗುವಾಗಿನದರ ಜೊತೆ ಹೋಲಿಸಲಾಗದು. ಬಯಲಿಗೆ ಬಂದ ಮೇಲೆ 222 ಕಿಲೋಮೀಟರ್ ಅದೇ 85ರಲ್ಲಿ ಓಡಿಸಿದೆ. 28.8 ಲೀಟರ್ ಹಿಡಿಯಿತು. ಲೀಟರಿಗೆ 7.7.

ಒಂದೂವರೆ ಟನ್ ಸಾಮಾನು ಇಳಿಸಿ ಬಂದಿದ್ದೇವೆ, ಮೈಲೇಜ್ 7ರಿಂದ 7.7ಕ್ಕೆ ಏರಿದೆ, ಅಷ್ಟೇ! ತಮ್ಮ ಬಂಕಿನ ಚೀಟಿಯನ್ನು ಎರಡು ಸಲ ನೋಡಿದ. ನಾನು ಮತ್ತೆ ಭಾಗಿಸಿ ನೋಡಿದೆ. ಸರಿಯಾಗಿಯೇ ಇತ್ತು.

ಆಮೇಲೆ ಯೋಚಿಸಿದರೆ ಹೊಳೆಯುತ್ತದೆ. ಆ ಟ್ರೈಲರಿನ ಮೂತಿ ಗೋಡೆಯ ಹಾಗೆ ಚಪ್ಪಟೆ. ಪಿಕಪ್ಪಿನ ತಲೆಗಿಂತ ಎರಡು ಗೇಣು ಎತ್ತರ, ಎರಡು ಪಕ್ಕಕ್ಕೂ ಒಂದೊಂದು ಗೇಣು ಅಗಲ. ಒಳಗೆ ಪುಸ್ತಕ ಇರಲಿ, ಏನೂ ಇಲ್ಲದಿರಲಿ, ಗಾಳಿಗೆ ಅದೇ ಗೋಡೆ. ಬಯಲಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಭಾರ ಕಾಡುವುದು ಟೈರ್ ಉರುಳುವ ಎಳೆತದಲ್ಲಿ ಮಾತ್ರ. ಆ ಎಳೆತ ಗಾಳಿಯ ತಡೆಗಿಂತ ಎಷ್ಟೋ ಕಡಿಮೆ. ಗೋಡೆಗೆ ಕೈ ಒರೆಸಿ ನೋಡಿದೆ, ಎದುರು ಮೂತಿಯ ಮೇಲ್ಭಾಗದ ಎರಡು ಗೇಣಿನಲ್ಲಿ ಸತ್ತ ಹುಳುಗಳು ಮೆತ್ತಿಕೊಂಡಿದ್ದವು. ಅದರ ಕೆಳಗೆ, ಪಿಕಪ್ಪಿನ ಮರೆಯಲ್ಲಿದ್ದ ಭಾಗ ಸ್ವಚ್ಛ. ಗಾಳಿ ಎಲ್ಲಿ ಗುದ್ದಿದೆ ಅಂತ ಹುಳುಗಳೇ ಗೆರೆ ಎಳೆದು ತೋರಿಸಿದ್ದವು.

"ಅಕ್ಕಾ, ಹೇಗೂ ಖಾಲಿ ತಾನೇ, ಸ್ವಲ್ಪ ಜೋರಾಗಿ ಓಡಿಸು" ಅಂದ ತಮ್ಮ. ಟ್ರೈಲರಿನ ಟೈರ್ ಮೇಲೆ ಬರೆದಿದ್ದ ವೇಗದ ಮಿತಿ ನೋಡಿದೆ, ರಸ್ತೆಯಲ್ಲೂ ಅವಕಾಶ ಇತ್ತು. ಉಳಿದ 190 ಕಿಲೋಮೀಟರನ್ನು 100ರಲ್ಲಿ ಓಡಿಸಿದೆ. 30.1 ಲೀಟರ್. ಲೀಟರಿಗೆ 6.3. ಅಂದರೆ ಖಾಲಿ ಟ್ರೈಲರನ್ನು 100ರಲ್ಲಿ ಎಳೆದದ್ದಕ್ಕೆ, ತುಂಬಿದ ಟ್ರೈಲರನ್ನು 85ರಲ್ಲಿ ಎಳೆದದ್ದಕ್ಕಿಂತ ಜಾಸ್ತಿ ಡೀಸೆಲ್ ಹೋಯಿತು. ಗಾಳಿಯ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ, 85ರಿಂದ 100ಕ್ಕೆ ಹೋದರೆ ಸುಮಾರು ಶೇ. 38 ಜಾಸ್ತಿ. ಇದರಿಂದ ಉಳಿತಾಯವಾದ ಸಮಯ ಎಷ್ಟು ಗೊತ್ತಾ? ಇಪ್ಪತ್ತು ನಿಮಿಷ. ಎದುರುಗಾಳಿ ಇದ್ದರೂ ಇದೇ ಕಥೆ. 20ರ ಎದುರುಗಾಳಿಯಲ್ಲಿ 85 ಓಡಿಸಿದರೆ ಟ್ರೈಲರಿನ ಮೂತಿಗೆ ಬಡಿಯುವುದು 105ರ ಗಾಳಿ. ಅಂಥ ದಿನ ಇನ್ನೂ ಸ್ವಲ್ಪ ನಿಧಾನ ಮಾಡಿ, ಇಲ್ಲವೇ ಗಾಳಿ ಇಳಿಯುವ ಬೆಳಗಿನ ಜಾವ ಹೊರಡಿ.

ಹಾಗಾಗಿ ಬಾಡಿಗೆಗೆ ಟ್ರೈಲರ್ ಆರಿಸುವಾಗ ತೂಕ ಕೇಳುವ ಮುಂಚೆ ಎತ್ತರ ನೋಡಿ. ತೆರೆದ ತಗ್ಗು ಟ್ರೈಲರಲ್ಲಿ ಸಾಮಾನು ಮಲಗಿಸಿ, ತಾಡಪಾಲು ಬಿಗಿದು ಕಟ್ಟಲು ಆಗುತ್ತದೆ ಅಂದರೆ ಅದನ್ನೇ ತೆಗೆದುಕೊಳ್ಳಿ. ಸಡಿಲ ತಾಡಪಾಲು ಪಟಪಟ ಹೊಡೆದುಕೊಂಡರೆ ಮತ್ತೆ ಅದೇ ಗೋಳು. ಟ್ರೈಲರೇ ಬೇಡ, ಪಿಕಪ್ಪಲ್ಲೇ ಎರಡು ಸಲ ಸಾಗಿಸೋಣ ಅಂತಲೂ ನಾವು ಯೋಚಿಸಿದ್ದೆವು. ನಾಲ್ಕು ಓಟ, 2,360 ಕಿಲೋಮೀಟರ್. ಲೀಟರಿಗೆ 11 ಸಿಕ್ಕರೂ 214 ಲೀಟರ್. ಟ್ರೈಲರಿನ ಜೊತೆ ಹೋಗಿ ಬರಲು ನಮಗೆ ಆಗಿದ್ದು ಒಟ್ಟು 174.

ಟೈರ್ ಗಾಳಿಯನ್ನು ಬೆಳಿಗ್ಗೆ ತಣ್ಣಗಿರುವಾಗಲೇ ನೋಡಿ. ಪಿಕಪ್ಪಿನ ಬಾಗಿಲ ಕಂಬದ ಚೀಟಿಯಲ್ಲಿ ಲೋಡ್ ಇದ್ದಾಗ ಎಷ್ಟು, ಇಲ್ಲದಾಗ ಎಷ್ಟು ಅಂತ ಬೇರೆ ಬೇರೆ ಬರೆದಿದ್ದರೆ ಅದರಂತೆ ಹಿಡಿಸಿ. ಟ್ರೈಲರ್ ಟೈರಿನ ಗಾಳಿ ಕಡಿಮೆ ಇದ್ದರೆ ಮೈಲೇಜ್ ಹೋಗುವುದು ಸಣ್ಣ ಮಾತು. ಟೈರ್ ಕಾದು ಸಿಡಿಯುವುದು ದೊಡ್ಡ ಮಾತು. ನಾನು ಪ್ರತಿ ಸಲ ನಿಂತಾಗ ಟ್ರೈಲರಿನ ಎರಡು ಚಕ್ರದ ಹತ್ತಿರವೂ ಕೈ ಹಿಡಿದು ಶಾಖ ನೋಡುತ್ತಿದ್ದೆ. ಒಂದು ಕಡೆ ಮಾತ್ರ ಜಾಸ್ತಿ ಬಿಸಿ ಇದ್ದರೆ ಬ್ರೇಕ್ ಹಿಡಿದುಕೊಂಡಿದೆ, ಇಲ್ಲವೇ ಬೇರಿಂಗ್ ಹೋಗುತ್ತಿದೆ ಅಂತ ಅರ್ಥ. ಹೊಗೆ ಶುಚಿ ಮಾಡಲು ಯೂರಿಯಾ ದ್ರಾವಣ ಬೇಕಾದ ಗಾಡಿ ಆದರೆ ಒಂದು ಕ್ಯಾನ್ ಜೊತೆಗಿರಲಿ. ಡೀಸೆಲ್ ಜಾಸ್ತಿ ಸುಟ್ಟ ಹಾಗೆ ಅದೂ ಬೇಗ ಖಾಲಿಯಾಗುತ್ತದೆ.

ಕಂಪನಿಯವರು ಹೇಳುವ ಎಳೆಯುವ ಸಾಮರ್ಥ್ಯದಿಂದ ಮೈಲೇಜ್ ಊಹಿಸಲು ಹೋಗಬೇಡಿ. ಅದು ಬೇರೆಯದೇ ಪರೀಕ್ಷೆ. ಅಮೆರಿಕದಲ್ಲಿ ಇದಕ್ಕೆ ಜೆ2807 ಅನ್ನುವ ಮಾನದಂಡ ಇದೆ. ಅರಿಝೋನಾದ ಡೇವಿಸ್ ಡ್ಯಾಮ್ ಹತ್ತಿರದ ಸುಮಾರು 18 ಕಿಲೋಮೀಟರ್ ಏರಿನ ಲೆಕ್ಕದಲ್ಲಿ, ಬಿರುಬಿಸಿಲಲ್ಲಿ ಎಸಿ ಪೂರ್ತಿ ಹಾಕಿಕೊಂಡು ಎಳೆಯಬೇಕು, ವೇಗ ಗೊತ್ತುಪಡಿಸಿದ್ದಕ್ಕಿಂತ ಕೆಳಗೆ ಬೀಳಬಾರದು. ಎಷ್ಟು ಡೀಸೆಲ್ ಕುಡಿಯಿತು ಅಂತ ಅಲ್ಲಿ ಯಾರೂ ಅಂಕ ಕೊಡುವುದಿಲ್ಲ. ಅಲ್ಲಿನ ದೊಡ್ಡ ಪಿಕಪ್ಪುಗಳಲ್ಲಿ, ಅಂದರೆ ಲೋಡ್ ಸಮೇತ ತೂಕದ ಮಿತಿ 8,500 ಪೌಂಡ್ (ಸುಮಾರು 3,850 ಕೆಜಿ) ದಾಟಿದವಕ್ಕೆ ಮೈಲೇಜ್ ಚೀಟಿ ಅಂಟಿಸಬೇಕೆಂಬ ನಿಯಮವೇ ಇಲ್ಲ. ಹೆಚ್ಚು ಎಳೆಯುವ ಗಾಡಿಗಳಿಗೇ ಲೆಕ್ಕ ಇಲ್ಲ, ತಮಾಷೆ ಅಲ್ವಾ?

ಟ್ರೈಲರ್ ಬಿಚ್ಚಿ ಕೊಟ್ಟ ಮೇಲೆ ಒಂಟಿ ಗಾಡಿಯ 236 ಕಿಲೋಮೀಟರ್. ಕಾಲಿಟ್ಟರೆ ಹಾರುತ್ತದೆ, ಎರಡು ದಿನದ ಅಭ್ಯಾಸಕ್ಕೆ ಬ್ರೇಕ್ ಜೋರಾಗಿ ಒತ್ತಿ ತಲೆ ಮುಂದಕ್ಕೆ ವಾಲುತ್ತದೆ. 90ರಲ್ಲಿ 19.5 ಲೀಟರ್, ಲೀಟರಿಗೆ 12.1. ಮಧ್ಯದಲ್ಲಿ ಇಪ್ಪತ್ತು ನಿಮಿಷ ಡ್ಯಾಶ್‌ಬೋರ್ಡಿನ ಮೈಲೇಜ್ ಸುಮ್ನೆ ಎಂಟಕ್ಕೆ ಇಳಿಯಿತು, ಸುಟ್ಟ ವಾಸನೆ ಬೇರೆ. ಹೆದರಬೇಕಿಲ್ಲ. ಸೈಲೆನ್ಸರಿನ ಮಸಿ ಫಿಲ್ಟರನ್ನು ಗಾಡಿ ತಾನೇ ಸುಟ್ಟು ಶುಚಿ ಮಾಡಿಕೊಳ್ಳುವ ಹೊತ್ತು ಅದು. ಅದಕ್ಕೆಂದೇ ಹೆಚ್ಚುವರಿ ಡೀಸೆಲ್ ಸುಡುತ್ತದೆ. ಆಗ ಎಂಜಿನ್ ಆಫ್ ಮಾಡದೆ ಮುಗಿಯುವವರೆಗೂ ಓಡಿಸಿ. ಲೋಡ್ ಎಳೆಯುವಾಗ ಹೊಗೆಯ ಶಾಖಕ್ಕೇ ಮಸಿ ಬಹುಪಾಲು ಸುಟ್ಟುಹೋಗುತ್ತದೆ, ಒಂಟಿ ಗಾಡಿಯಲ್ಲಿ, ಅದರಲ್ಲೂ ಊರೊಳಗಿನ ಸಣ್ಣ ಓಟಗಳಲ್ಲಿ ಇದು ಜಾಸ್ತಿ.

ಮನೆಗೆ ಬಂದ ಕೂಡಲೇ ಎರಡು ಕೆಲಸ ಮಾಡಿ. ಹಿಂದಿನ ಟೈರಿಗೆ ಹಿಡಿಸಿದ್ದ ಹೆಚ್ಚುವರಿ ಗಾಳಿ ಇಳಿಸಿ. ಹಿಚ್ಚಿನ ಗುಂಡನ್ನು ಬಿಚ್ಚಿ ಸೀಟಿನ ಹಿಂದೆ ಇಡಿ. ನಾನು ನಾಳೆ ಬಿಚ್ಚಿದರಾಯಿತು ಅಂತ ಬಿಟ್ಟೆ. ಕತ್ತಲಲ್ಲಿ ಪಿಕಪ್ಪಿನ ಹಿಂದಿನಿಂದ ಹೋಗುವಾಗ ಮೊಣಕಾಲಿನ ಕೆಳಗಿನ ಎಲುಬಿಗೆ ಬಡಿದದ್ದು ಇನ್ನೂ ನೀಲಿಯಾಗಿಯೇ ಇದೆ.